ಜನರಲ್ ಸೀಟು

ರಾಷ್ಟ್ರಪತಿ ಯಾರಾಗಬೇಕೆಂದು ನಮ್ಮ ಕಡೆಯವರನ್ನು ಯಾರೂ ಕೇಳುವುದಿಲ್ಲ. ಆದರೆ ಆ ಮಳೆಗಾಲ ಬಾಳ್ಳುಪೇಟೆಯಲ್ಲಿ ಶಾಂತಮಲ್ಲಪ್ಪನವರ ಗೊಬ್ಬರದ ಅಂಗಡಿಗೆ ಹೋಗಿದ್ದರೆ, ಅಲ್ಲಿ ಕೂತವರು ಹೂಂ ಅನ್ನದೆ ದೆಹಲಿಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ ಅನ್ನಿಸುತ್ತಿತ್ತು. ಕಣದಲ್ಲಿದ್ದವರು ಇಬ್ಬರು. ಒಬ್ಬರು ಮುಸಲ್ಮಾನ ವಿಜ್ಞಾನಿ, ಇನ್ನೊಬ್ಬರು ವಯಸ್ಸಾದ ಹೆಂಗಸು. ಅಂಗಡಿಯವರಿಗೆ ಇಬ್ಬರೂ ನುಂಗಲಾರದ ತುತ್ತಾಗಿದ್ದರು.

"ಸಾಬ್ರಾದ್ರೂ ಒಳ್ಳೇರಂತೆ," ಅಂದರು ಶಾಂತಮಲ್ಲಪ್ಪ, ದೊಡ್ಡ ಮನಸ್ಸು ಮಾಡಿ. "ರಾಷ್ಟ್ರಪತಿಗೆ ಏನ್ ಕೆಲ್ಸ ಐತೆ, ರುಜು ಹಾಕಾದು ತಾನೆ? ಆಗ್ಲಿ ಬುಡಿ. ನಾಳೆ ಪ್ರಧಾನಿ ಆಯ್ತೀನಿ ಅಂದ್ರೆ ಜನ ಒಪ್ತಾರಾ?"

"ಆ ಯಮ್ಮನ ಕೈಲಂತೂ ಆಗ್ದು," ಅಂದ ವಸಂತ.

ವಸಂತ ನಮ್ಮ ಗ್ರಾಮ ಪಂಚಾಯ್ತಿಯ ಉಪಾಧ್ಯಕ್ಷ. ಅಧ್ಯಕ್ಷೆ ನಾನು, ಗಂಗಾಮಣಿ. ಅಧ್ಯಕ್ಷೆ ಪಕ್ಕದಲ್ಲೇ ಗೊಬ್ಬರದ ಚೀಲಕ್ಕೆ ಕಾಯುತ್ತ ನಿಂತಿದ್ದಾಳೆ ಅನ್ನುವ ದಾಕ್ಷಿಣ್ಯವೂ ಅವನಿಗಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕಾಗ್ದು? ಪಕ್ಕದ ಚಿಕ್ಕಮಗಳೂರಲ್ಲಿ ಇಂದ್ರಮ್ಮ ನಿಂತಾಗ ಜೀಪಿಗೆ ಮೈಕ್ ಕಟ್ಕೊಂಡು ಗಂಟ್ಲು ಹರ್ಕೊಂಡೋರು ಯಾರು? ಶಾಂತಮಲ್ಲಪ್ನೋರೇ, ನೀವೇ ಅಲ್ವಾ?"

"ಇಂದ್ರಮ್ಮನ ಕತೆ ಬ್ಯಾರೆ ಕಣಮ್ಮ. ಅದು ದೊಡ್ಡ ಮನೆತನ."

"ಹೂಂ, ಗೆದ್ದ ಹೆಂಗಸಿನ ಕತೆ ಯಾವಾಗ್ಲೂ ಬ್ಯಾರೆ. ಒಬ್ಳು ಸೋತ್ರೆ ಮಾತ್ರ ಎಲ್ಲ ಹೆಂಗಸ್ರೂ ಒಂದೇ, ಅಲ್ವಾ? ಗಂಡಸ್ರು ದೇಶ ಹಾಳು ಮಾಡಿದ್ರೆ 'ಗಂಡಸ್ರ ಕೈಲಿ ಆಗ್ದು' ಅಂತ ಯಾರಾದ್ರೂ ಅಂದಿದ್ದು ಕೇಳಿದೀರಾ?"

ವಸಂತ ಹಲ್ಲು ಕಿರಿದ. "ದಿಲ್ಲಿ ಮಾತ್ ಯಾಕಕ್ಕ. ನಿಮ್ದೂ ಮುಗೀತಾ ಬಂತಲ್ಲ. ಇನ್ ಆರಾಮಾಗಿ ತೋಟ ನೋಡ್ಕಳಿ."

"ಯಾಕ್ ಮುಗೀತದೆ? ನಾನು ಮತ್ತೆ ನಿಲ್ತೀನಿ."

"ಈ ಸಲ ಜನರಲ್ ಅಕ್ಕ. ಹೆಂಗಸ್ರ ಪಾಳಿ ಆಯ್ತಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ವಿಷಯ ಇಷ್ಟೇ. ಮೊದಲ ಎರಡೂವರೆ ವರ್ಷ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು, ನಾನು ಕೂತೆ. ಮುಂದಿನ ಎರಡೂವರೆ ವರ್ಷಕ್ಕೆ ಜನರಲ್, ಅಂದರೆ ಯಾರು ಬೇಕಾದರೂ ನಿಲ್ಲಬಹುದು. ಕಾನೂನು ಹೇಳುವುದು ಹೀಗೆ. ಆದರೆ ನಮ್ಮೂರುಗಳಲ್ಲಿ ಜನರಲ್ ಅಂದರೆ ಗಂಡಸರದ್ದು. ಬಸ್ಸಿನಲ್ಲಿ ಮುಂದಿನ ನಾಲ್ಕು ಸೀಟು ಮಹಿಳೆಯರಿಗೆ ಅಂತ ಬರೆದರೆ ಉಳಿದ ನಲವತ್ತೂ ಗಂಡಸರದ್ದೇ ಅಂತ ಕಾಲು ಚಾಚಿ ಕೂರುವ ಜನ ಇವರು.

ನನಗೆ ಕುರ್ಚಿಯ ಹುಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ, ಸ್ವಲ್ಪ ಇತ್ತು. ಅದಕ್ಕಿಂತ ಹೆಚ್ಚಾಗಿ ನೀರಿನ ಕೆಲಸ ಇತ್ತು. ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಗಳಿಗೆ ನೀರು ಕೊಡಬೇಕು ಅಂತ ಕಚೇರಿ ಕಚೇರಿ ಅಲೆದು ಟ್ಯಾಂಕ್ ಕಟ್ಟಿಸಿದ್ದೆ. ಪೈಪ್ ಎಳೆಯುವುದು ಬಾಕಿ. ವಸಂತ ಬಂದರೆ ಆ ಪೈಪು ಮೊದಲು ಅವನ ಬೀದಿಗೇ ತಿರುಗುತ್ತದೆ, ಲೈನಿನ ಹೆಂಗಸರು ಮತ್ತೆ ಹಳ್ಳಕ್ಕೆ ಇಳಿಯಬೇಕು. ಅದನ್ನು ಅವನೇ ನಾಲ್ಕು ಜನರ ಮುಂದೆ ಹೇಳಿದ್ದ.

ಒಂದು ತಿಂಗಳು ನಾನು ಮಾಡಿದ ವಾದ ಅಷ್ಟಿಷ್ಟಲ್ಲ. ಹಾಲಿನ ಡೈರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ನೆಂಟರ ಮದುವೆಯ ಪಂಕ್ತಿಯಲ್ಲಿ ಕೂಡ. "ಗಂಗಕ್ಕ, ನೀವು ಒಳ್ಳೇರೇ, ಆದ್ರೆ..." ಅಂತ ಶುರು ಮಾಡುತ್ತಿದ್ದರು. ಆ 'ಆದ್ರೆ' ಕೇಳಿ ಕೇಳಿ ನನಗೆ ಸಾಕಾಗಿಹೋಯಿತು. ಗಂಡ ಕರಿಯಪ್ಪ ಒಬ್ಬನೇ ಏನೂ ಅನ್ನಲಿಲ್ಲ. "ಗೆದ್ರೂ ಸೋತ್ರೂ ಮೆಣಸು ಕುಯ್ಯಾಕೆ ಮಾತ್ರ ಬಾ" ಅಂದ, ಅಷ್ಟೇ.

ಅಧ್ಯಕ್ಷರನ್ನು ಆರಿಸುವವರು ನಾವು ಹನ್ನೊಂದು ಮಂದಿ ಸದಸ್ಯರು. ನನ್ನನ್ನೂ ಸೇರಿಸಿ ನಾಲ್ವರು ಹೆಂಗಸರು ಗಟ್ಟಿ. ಗಂಡಸರಲ್ಲಿ ಶಿವಯ್ಯ ಮತ್ತು ಗುಂಡಯ್ಯ ಮಾತು ಕೊಟ್ಟಿದ್ದರು. ಆರು ಓಟು ಬಂದರೆ ಗೆಲುವು.

ಚುನಾವಣೆಯ ದಿನ ತಾಲ್ಲೂಕಿನಿಂದ ಬಂದ ಅಧಿಕಾರಿ ಚೀಟಿ ಹಂಚಿದರು, ಮಡಿಸಿ ಡಬ್ಬಕ್ಕೆ ಹಾಕಿದೆವು. ಎಣಿಸಿದಾಗ ವಸಂತನಿಗೆ ಆರು, ನನಗೆ ಐದು. ಹೊರಗೆ ಪಟಾಕಿ ಹೊಡೆದರು. ಪಟಾಕಿಯನ್ನು ಮೊದಲೇ ತಂದಿಟ್ಟಿದ್ದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

ಕೈಕೊಟ್ಟವನು ಗುಂಡಯ್ಯನೇ ಅಂತ ನನಗೆ ಅನುಮಾನವೇ ಇರಲಿಲ್ಲ. ಅವನು ವಸಂತನ ಜೊತೆ ಕೂತು ಕಾಫಿ ಕುಡಿದಿದ್ದನ್ನು ನಾನೇ ಕಂಡಿದ್ದೆ. ಪಂಚಾಯ್ತಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ಉಂಡ ಮನೆಗೆ ಎರಡು ಬಗೆದೆಯಲ್ಲೋ, ನಿನ್ನ ಬಾಯಿಗೆ ಮಣ್ಣು ಬೀಳ!" ಅಂತ ಎಲ್ಲರ ಎದುರು ಬೈದೆ. ಪಾಪ, ಅವನು ದೇವರಾಣೆ ಇಟ್ಟ. ನಾನು ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಮಾದಮ್ಮ ನಮ್ಮ ಅಂಗಳಕ್ಕೆ ಬಂದಳು. ಮಾದಮ್ಮ ಎಸ್ಟೇಟಿನ ಕೂಲಿ, ಲೈನಿನಿಂದ ಪರಿಶಿಷ್ಟ ಜಾತಿಯ ಮೀಸಲಿನಲ್ಲಿ ಗೆದ್ದು ಬಂದ ಸದಸ್ಯೆ. ನನ್ನ ನಾಲ್ವರು ಹೆಂಗಸರಲ್ಲಿ ಅತಿ ನಂಬಿಕೆಯವಳು. ಜಗಲಿ ಹತ್ತದೆ ಕೆಳಗೇ ನಿಂತಳು.

"ಗುಂಡಯ್ನೋರ್ನ ಬೈಬ್ಯಾಡಿ ಅಮ್ಮಾರೇ. ವಸಂತಪ್ಪಂಗೆ ಹಾಕಿದ್ದು ನಾನು."

ನಾನು ಕೂತಲ್ಲಿಂದ ಎದ್ದೆ. "ನೀನಾ? ಯಾರಿಗೋಸ್ಕರ ಹೊಡೆದಾಡ್ದೆನೇ ನಾನು? ನಿಮ್ ಲೈನಿನ ನೀರಿಗೆ ಕಣೇ! ಎಷ್ಟ್ ಕೊಟ್ಟ ಅವ್ನು?"

"ಒಂದ್ ಪೈಸಾನೂ ಮುಟ್ಟಿಲ್ಲ. ನಿಮ್ಗೇ ಹಾಕ್ಬೇಕು ಅಂತ ಬಂದಿದ್ದೆ. ಚೀಟಿ ಕೈಗೆ ಬಂದಾಗ ಭಯ ಆಗ್ಬುಡ್ತು. ಜನರಲ್ಲಲ್ವಾ, ಮೀಸಲಿನೋರಿಗೆ ಹಾಕಿ ತಪ್ಪು ಓಟಾದ್ರೆ ನನ್ ಮೆಂಬ್ರಿಕೆ ತೆಗೀತಾರೆ, ನಿಮ್ ಮ್ಯಾಲೂ ಕೇಸಾಯ್ತದೆ ಅಂದ್ಕಂಡೆ."

"ತಪ್ಪು ಓಟು ಅಂತ ಯಾವ ಬೇವರ್ಸಿ ಹೇಳ್ದ ನಿಂಗೆ? ವಸಂತನಾ?"

"ನೀವೇ ಹೇಳಿದ್ರಿ ಅಮ್ಮಾರೇ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಅಧ್ಯಕ್ಷ್ರಾದ ದಿನ. ಉಪಾಧ್ಯಕ್ಷಕ್ಕೆ ನಾನ್ ನಿಂತ್ಕಳ್ಲಾ ಅಂತ ಕೇಳ್ದೆ. 'ಅದು ಜನರಲ್ ಕಣೇ ಮಾದಮ್ಮ, ನಿಮ್ಮೋರಿಗಲ್ಲ. ನಿಮ್ ಪಾಳಿ ಬಂದಾಗ ನೋಡಾನ' ಅಂದ್ರಿ. ಆಮ್ಯಾಕೆ ವಸಂತಪ್ನೋರ ಹೆಸ್ರು ನೀವೇ ಎತ್ತಿದ್ರಿ."

ಅಂದಿದ್ದೆ. ಆ ಮಾತು ಆಡಿ ಮರೆತೂಬಿಟ್ಟಿದ್ದೆ, ಅಷ್ಟು ಸಲೀಸಾಗಿ ಅಂದಿದ್ದೆ. ಅವಳು ಮರೆತಿರಲಿಲ್ಲ. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು, ಆ ಸಿಟ್ಟನ್ನೂ ಅವಳ ಮೇಲೆಯೇ ತೀರಿಸಿದೆ.

"ಜನರಲ್ ಅಂದ್ರೆ ಎಲ್ರಿಗೂ ಅಂತ ಕಣೇ!" ಕಿರುಚಿದೆ. "ಹೆಂಗಸಾಗ್ಲಿ, ಗಂಡಸಾಗ್ಲಿ, ಯಾವ ಜಾತಿಯೋರಾಗ್ಲಿ, ಯಾರ್ ಬೇಕಾದ್ರೂ ನಿಲ್ಬೋದು!"

ಮಾದಮ್ಮ ನನ್ನ ಮುಖವನ್ನೇ ನೋಡಿದಳು.

"ಹಂಗಾರೆ ಅವತ್ತು ನಾನೂ ನಿಲ್ಬೋದಾಗಿತ್ತಾ?"

"ನಿಲ್ಬೋದಿತ್ತು," ಅಂದೆ.

"ನಿಂತಿದ್ರೆ ನೀವು ನಂಗೆ ಓಟ್ ಹಾಕ್ತಿದ್ರಾ ಅಮ್ಮಾರೇ?"

ಒಂದು ತಿಂಗಳಿಂದ ಕಂಡ ಕಂಡವರಿಗೆಲ್ಲ ಉತ್ತರ ಕೊಟ್ಟ ಬಾಯಿ ನನ್ನದು. "ಮ್ಯಾಕ್ ಬಾ, ಕಾಫಿ ಕುಡ್ಕೊಂಡು ಹೋಗು," ಅಂದೆ.

"ಬ್ಯಾಡಿ, ಎಸ್ಟೇಟ್ ರೈಟರು ಹಾಜ್ರಿ ತಗಂಬುಡ್ತಾರೆ," ಅಂತ ಅವಳು ಹೊರಟುಹೋದಳು.