ಇಬ್ಬರು ನುಂಗಿದ ಗುಳಿಗೆ

ಗರ್ಭಕೋಶ ತೆಗೆಸಿದ ಮೇಲೆ ಈಶ್ವರಿಯ ಹೊಟ್ಟೆನೋವನ್ನು ನಂಬುವವರು ಯಾರೂ ಉಳಿಯಲಿಲ್ಲ.

ಅದಕ್ಕೆ ಮೊದಲು ಬಹಳ ಜನ ನಂಬುತ್ತಿದ್ದರು ಅಂತಲ್ಲ. ತೆಲಂಗಾಣದ ಗಡಿಸೀಮೆಯ ಧನ್ವಾಡದ ತವರಿನಲ್ಲಿ ಮೈನೆರೆದ ವರ್ಷದಿಂದಲೇ ಅವಳು ತಿಂಗಳಿಗೊಮ್ಮೆ ಗೋಡೆ ಮೂಲೆ ಹಿಡಿದು ಮುದುಡಿ ಬೀಳುತ್ತಿದ್ದಳು. ಮದುವೆಯಾದರೆ ಹೋಗುತ್ತದೆ ಅಂದರು. ಮದುವೆಯಾದ ಮೇಲೆ, ಒಂದು ಕೂಸು ಆಗಲಿ, ಎಲ್ಲ ಸಡಿಲಾಗುತ್ತದೆ ಅಂದರು. ಮಕ್ತಲ್ ಹತ್ತಿರದ ಹಳ್ಳಿಯ ಕುರುಬರ ಮನೆಗೆ ಸೊಸೆಯಾಗಿ ಬಂದಳು, ಝಾನ್ಸಿ ಹುಟ್ಟಿದಳು, ನೋವು ಮಾತ್ರ ಜಾಗ ಬಿಡಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದದ್ದು ದಿನವೂ ಬರತೊಡಗಿತು. ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಹೊಟ್ಟೆಗೆ ಸವರಿದ್ದಾಯಿತು, ಬರೆ ಹಾಕುವವನ ಹತ್ತಿರ ಹೋಗಿ ಬಂದದ್ದಾಯಿತು. ಕೊನೆಗೆ ಪೇಟೆಯ ಒಂದು ನರ್ಸಿಂಗ್ ಹೋಮಿನವರು ಗರ್ಭದ ಚೀಲ ಕೆಟ್ಟುಹೋಗಿದೆ, ಬಿಟ್ಟರೆ ಜೀವಕ್ಕೆ ಬರುತ್ತದೆ ಎಂದು ಹೆದರಿಸಿ ಅದನ್ನು ತೆಗೆದುಹಾಕಿದರು. ಆಗ ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಹೊಲಿಗೆ ಮಾಯುವ ತನಕ ಯಾವ ನೋವು ಯಾವುದು ಅಂತ ತಿಳಿಯಲಿಲ್ಲ. ಮಾಯ್ದ ಮೇಲೆ ತಿಳಿಯಿತು. ಅದೇ ನೋವು, ಅದೇ ಜಾಗ. ಕಿಬ್ಬೊಟ್ಟೆಯಿಂದ ಹಿಡಿದು ಸೊಂಟದ ಹಿಂದಕ್ಕೆ ಹೋಗಿ ತೊಡೆಗೆ ಇಳಿಯುವ ಹಳೆಯ ನೋವು.

"ಚೀಲನ ಇಲ್ಲ, ನೋವು ಎಲ್ಲಿಂದ ಬರ್ತೈತಿ?" ಎಂದು ಅತ್ತೆ ಪೆಂಟಮ್ಮ ಕೇಳಿದಳು.

ಗಂಡ ನರೇಂದರ್ ವರ್ಷದ ಬಹುಭಾಗ ಪುಣೆಯಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗಿರುತ್ತಿದ್ದ. ಫೋನಿನಲ್ಲಿ ಅವಳು ನೋವಿನ ಮಾತೆತ್ತಿದರೆ ಆ ಕಡೆಯಿಂದ ಕುರಿ ಹೇಗಿವೆ ಅಂತ ಕೇಳುತ್ತಿದ್ದ. ಪೆಂಟಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಸತ್ತ ಮೇಲೆ ಇದ್ದಷ್ಟು ಕುರಿಗಳನ್ನು ತಾನೇ ಹೊಡೆದುಕೊಂಡು ಕೃಷ್ಣೆಯ ದಂಡೆಯವರೆಗೂ ಹೋಗಿ ಬರುತ್ತಿದ್ದಳು. ಬೆಳಗ್ಗೆ ಸೊಸೆ ಏಳುವುದು ತಡವಾದರೆ ಅಂಗಳದಲ್ಲಿ ನಿಂತು ನಾಲ್ಕು ಮನೆಗೆ ಕೇಳುವಂತೆ ಕೆಲಸಗಳ್ಳಿ ಅನ್ನುತ್ತಿದ್ದಳು. ನೋವಿಗಿಂತ ಆ ಮಾತು ಹೆಚ್ಚು ಚುಚ್ಚುತ್ತದೆ ಅಂತ ಮೊದಮೊದಲು ಈಶ್ವರಿ ಅಂದುಕೊಂಡಿದ್ದಳು. ಹಾಗೇನಿಲ್ಲ. ಮಾತು ರೂಢಿಯಾಯಿತು, ನೋವು ರೂಢಿಯಾಗಲಿಲ್ಲ.

ಹತ್ತಿ ಬೀಜದ ಹೊಲಗಳ ಕೆಲಸಕ್ಕೆ ಮಳೆಗಾಲದ ಕೊನೆಗೆ ಗದ್ವಾಲ ಕಡೆಗೆ ಹೆಣ್ಣಾಳುಗಳು ಹೋಗುತ್ತಾರೆ. ಗಂಡು ಹೂವಿನ ಹುಡಿಯನ್ನು ಹೆಣ್ಣು ಹೂವಿಗೆ ಒಂದೊಂದಾಗಿ ಕೈಯಿಂದ ಸವರುವ ಕೆಲಸ, ಬಿಸಿಲೇರುವುದರೊಳಗೆ ಮುಗಿಸಬೇಕು. ಚೀಲ ತೆಗೆಸಿದ ಕೆಲವು ವರ್ಷಕ್ಕೆ ಈಶ್ವರಿಯೂ ಹೋದಳು. ಒಂದು ಬೆಳಿಗ್ಗೆ ಸಾಲಿನ ನಡುವೆ ಕಣ್ಣು ಕತ್ತಲಾಗಿ ಹತ್ತಿಗಿಡಗಳ ಮೇಲೆಯೇ ಬಿದ್ದಳು. ಜೊತೆಯವರು ಆಟೊದಲ್ಲಿ ಹಾಕಿಕೊಂಡು ಗದ್ವಾಲದ ದವಾಖಾನೆಗೆ ಒಯ್ದರು. ಅಲ್ಲಿ ಸಿಕ್ಕವರು ಡಾಕ್ಟರ್ ಅನುರಾಧಾ.

ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೊದಲ ಡಾಕ್ಟರ್ ಅವರೇ. ಸ್ಕ್ಯಾನಿಂಗ್ ಮಾಡಿಸಿ, ತೆಲುಗಿನಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು. ಗರ್ಭಕೋಶದ ಒಳಗೆ ಇರಬೇಕಾದ ಪೊರೆಯಂಥದ್ದು ಕೆಲವು ಹೆಂಗಸರಿಗೆ ಅದರ ಹೊರಗೆ ಬೆಳೆಯುತ್ತದೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಅಂಟಿಕೊಳ್ಳುತ್ತದೆ. ಇವಳಿಗೂ ಅದೇ. ಚೀಲ ತೆಗೆದವರು ಅದನ್ನು ನೋಡಲೂ ಇಲ್ಲ, ಮುಟ್ಟಲೂ ಇಲ್ಲ. ಈಶ್ವರಿ ಆ ಕುರ್ಚಿಯಲ್ಲಿ ಕೂತೇ ಅತ್ತಳು. ರೋಗ ಇದೆ ಅಂತ ತಿಳಿದು ಅಳಲಿಲ್ಲ, ತಾನು ಸುಳ್ಳಿಯಲ್ಲ ಅಂತ ತಿಳಿದು ಅತ್ತಳು.

ಮೊದಲು ಕೊಟ್ಟ ಹಾರ್ಮೋನಿನ ಗುಳಿಗೆ ಅವಳಿಗೆ ಆಗಿಬರಲಿಲ್ಲ. ತಲೆ ಸಿಡಿಯುತ್ತಿತ್ತು, ಉಂಡದ್ದು ನಿಲ್ಲುತ್ತಿರಲಿಲ್ಲ. ಹೈದರಾಬಾದಿಗೆ ಹೋಗಿ ಇನ್ನೊಂದು ಆಪರೇಷನ್ ಮಾಡಿಸಿಕೊಳ್ಳಬಹುದು ಅಂದಾಗ ಅವಳು ಬೇಡವೆಂದು ತಲೆಯಾಡಿಸಿಬಿಟ್ಟಳು. ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಧೈರ್ಯ ಇರಲಿಲ್ಲ. ಆಗ ಡಾಕ್ಟರಮ್ಮ ವಿಟಮಿನ್ ಸಿ ಮತ್ತು ವಿಟಮಿನ್ ಇ ಬರೆದುಕೊಟ್ಟರು. ಒಳಗಿನ ಉರಿಯನ್ನು ತುಸು ತಣಿಸುವ ಗುಣ ಇವಕ್ಕಿದೆ, ಆಂಟಿಆಕ್ಸಿಡೆಂಟ್ ಅನ್ನುತ್ತಾರೆ, ದಿನವೂ ತೆಗೆದುಕೊಂಡ ಕೆಲವರಿಗೆ ಒಂದೆರಡು ತಿಂಗಳಲ್ಲಿ ನೋವು ಇಳಿದದ್ದಿದೆ, ಎಲ್ಲರಿಗೂ ಇಳಿಯುತ್ತದೆ ಅಂತಿಲ್ಲ ಅಂದರು. ಇದು ರೋಗ ವಾಸಿ ಮಾಡುವ ಔಷಧವಲ್ಲ ಅಂತ ಎರಡು ಸಲ ಹೇಳಿದರು. ತಮ್ಮನ್ನು ಕೇಳದೆ ಹೆಚ್ಚಿಗೆ ನುಂಗಬಾರದು ಅಂತಲೂ ಹೇಳಿದರು.

ಮನೆಗೆ ತಂದಾಗ ಪೆಂಟಮ್ಮ ವಿಟಮಿನ್ ಇ ಅನ್ನುವ ಹಸಿರು ಮೆತ್ತನೆ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಊರಿನ ಹುಡುಗಿಯರು ಅದನ್ನು ಚುಚ್ಚಿ ಎಣ್ಣೆ ತೆಗೆದು ಕೂದಲಿಗೆ ಹಚ್ಚುವುದನ್ನು ಅವಳು ಕಂಡಿದ್ದಳು. ಕಿತ್ತಳೆ ಬಣ್ಣದ ಇನ್ನೊಂದನ್ನು ನೆಕ್ಕಿ ನೋಡಿ, ಹುಣಸೆಹಣ್ಣು ಮನೆಯಲ್ಲೇ ಇತ್ತಲ್ಲ, ಇದಕ್ಕೆ ಗದ್ವಾಲದ ತನಕ ಹೋಗಬೇಕಿತ್ತೇ ಅಂದಳು.

ಈಶ್ವರಿ ಬಿಡದೆ ನುಂಗಿದಳು. ಮೊದಲ ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ರೊಟ್ಟಿ ಬಡಿಯುತ್ತ ಕೂತವಳಿಗೆ, ಕೊನೆಯ ರೊಟ್ಟಿ ಹೆಂಚಿಗೆ ಹಾಕಿದಾಗ, ಈ ಹೊತ್ತು ನಡುವೆ ಒಮ್ಮೆಯೂ ಎದ್ದು ಗೋಡೆಗೆ ಒರಗಲಿಲ್ಲವಲ್ಲ ಅಂತ ಹೊಳೆಯಿತು. ನೋವು ಇತ್ತು. ಆದರೆ ಬಗಲಲ್ಲಿ ಕೂತಿದ್ದದ್ದು ಎದ್ದು ಬಾಗಿಲ ಹೊರಗೆ ಹೋಗಿ ನಿಂತ ಹಾಗೆ ಇತ್ತು. ಅವಳು ಆ ಸಂಗತಿಯನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ವಾಪಸು ಬಂದೀತೆಂಬ ಹೆದರಿಕೆ. ಪೆಂಟಮ್ಮನ ಕಣ್ಣಿಗೆ ಮಾತ್ರ ಅದು ಬಿದ್ದಿತ್ತು.

ಸಂಕ್ರಾಂತಿಯ ಹೊತ್ತಿಗೆ ಗುಳಿಗೆ ಲೆಕ್ಕಕ್ಕಿಂತ ಬೇಗ ಖಾಲಿಯಾಗತೊಡಗಿತು. ಹಬ್ಬಕ್ಕೆ ನಾರಾಯಣಪೇಟೆಯ ಹಾಸ್ಟೆಲಿನಿಂದ ಬಂದಿದ್ದ ಝಾನ್ಸಿ ಕೂದಲಿಗೆ ಹಚ್ಚಿಕೊಂಡಿರಬೇಕು ಅಂತ ಈಶ್ವರಿ ಅಂದುಕೊಂಡಳು. ಮಗಳು ಹಾಸ್ಟೆಲಿಗೆ ಮರಳಿದ ಮೇಲೂ ಗುಳಿಗೆ ಹೋಗುತ್ತಲೇ ಇತ್ತು. ಒಂದು ಮಧ್ಯಾಹ್ನ ಕುರಿದೊಡ್ಡಿಯ ಕಸ ತೆಗೆಯಲು ಹೋದಾಗ ಪೆಂಟಮ್ಮ ಅಲ್ಲಿದ್ದಳು. ಕುರಿಗಳನ್ನು ಆ ಹೊತ್ತಿಗೇ ತಿರುಗಿಸಿಕೊಂಡು ಬಂದಿದ್ದಳು. ಗೋಡೆಗೆ ಮುಖ ಮಾಡಿ ನಿಂತು ತಂಬಿಗೆ ಎತ್ತಿ ಏನೋ ನುಂಗುತ್ತಿದ್ದಳು. ಹಸಿರು ಗುಳಿಗೆಯ ಪಟ್ಟಿ ಸೆರಗಿನಿಂದ ಹೊರಗೆ ಇಣುಕುತ್ತಿತ್ತು.

"ಅತ್ತಿ, ಅದು ನನ್ನ ಗುಳಿಗಿ."

ಪೆಂಟಮ್ಮ ತಿರುಗಲಿಲ್ಲ. ಇನ್ನೊಂದು ಗುಟುಕು ನೀರು ಕುಡಿದಳು.

"ಗೊತ್ತೈತಿ. ನಿನಗ ಕಡಿಮಿ ಆಗೈತಲ್ಲ. ನನಗೂ ಆಗ್ತೈತೇನೋ ಅಂತ ನೋಡಿದೆ."

ಏನು ಕಡಿಮೆಯಾಗಬೇಕು ಅಂತ ಈಶ್ವರಿಗೆ ತಿಳಿಯಲಿಲ್ಲ. ಆಗ ಪೆಂಟಮ್ಮ ಹೊಕ್ಕುಳ ಕೆಳಗೆ, ಈಶ್ವರಿ ಕೈ ಇಟ್ಟುಕೊಳ್ಳುವ ಜಾಗದಲ್ಲೇ, ತನ್ನ ಕೈ ಇಟ್ಟಳು. ನರೇಂದರ್ ಹುಟ್ಟಿದಾಗಿನಿಂದ ಅಲ್ಲಿ ಒಂದು ನೋವು ಇತ್ತಂತೆ. ಮುಟ್ಟು ನಿಂತ ಮೇಲೆ ಹೋಗಿತ್ತು. ಈಗ ಮತ್ತೆ ಬಂದಿದೆ, ಆದರೆ ಇದು ಬೇರೆ ಥರದ್ದು ಅಂದಳು.

ಈಶ್ವರಿಗೆ ಮೊದಲು ಬಂದದ್ದು ಸಿಟ್ಟು. "ಇಷ್ಟು ವರ್ಷ ನನ್ನ ಕೆಲಸಗಳ್ಳಿ ಅಂದ್ರಲ್ಲತ್ತಿ. ನಿಮಗ ಗೊತ್ತಿದ್ದೂ ಅಂದ್ರಿ."

"ನಮ್ಮತ್ತಿನೂ ನನಗ ಹಂಗ ಅಂತಿದ್ಲು. ನಾ ಎದ್ದು ಕುರಿ ಹೊಡಕೊಂಡು ಹೋಗ್ತಿದ್ದೆ. ಹೊಂಟ್ರ ಹೋಗಾಕ ಬರ್ತಿತ್ತು. ನಿನಗೂ ಬರ್ತೈತಿ ಅನ್ಕೊಂಡೆ."

ಗದ್ವಾಲಕ್ಕೆ ಹೋಗಿ ತೋರಿಸಿಕೊಂಡು ಬರೋಣ ಅಂತ ಈಶ್ವರಿ ಅಂದಳು. ಪೆಂಟಮ್ಮ ಒಪ್ಪಲಿಲ್ಲ. "ಈ ವಯಸ್ಸಿನಾಗ ಯಾರ ಮುಂದ ಸೀರಿ ಎತ್ಲಿ?" ಅಂದಳು. ಮಗನಿಗೆ ಹೇಳಕೂಡದು ಅಂತ ಬೀರಪ್ಪನ ಮೇಲೆ ಆಣೆ ಹಾಕಿಸಿಕೊಂಡಳು.

ಆ ದಿನದಿಂದ ಗುಳಿಗೆ ಇಬ್ಬರದಾಯಿತು. ಉಂಡ ಮೇಲೆ ಅತ್ತೆ ಸೊಸೆ ಬೇವಿನ ನೆರಳಿಗೆ ಕೂತು ಒಂದೇ ತಂಬಿಗೆಯ ನೀರಿನಲ್ಲಿ ನುಂಗುತ್ತಿದ್ದರು. ಹುಳಿ ಗುಳಿಗೆಯನ್ನು ಪೆಂಟಮ್ಮ ಕಡಿಯದೆ ದವಡೆಯಲ್ಲಿಟ್ಟು ಚೀಪುತ್ತಿದ್ದಳು. ಬೆಳಗಿನ ಬೈಗುಳ ನಿಂತಿತು. ಈಶ್ವರಿಗೆ ಸೊಂಟ ಹಿಡಿದ ದಿನ ಪೆಂಟಮ್ಮನೇ ಒಲೆ ಹಚ್ಚಿ, ಏನೂ ಅನ್ನದೆ ಬಿಸಿನೀರು ತಂದಿಡುತ್ತಿದ್ದಳು. ಆ ಮನೆಗೆ ಬಂದ ಮೇಲೆ ಈಶ್ವರಿಗೆ ಜೊತೆ ಅಂತ ಸಿಕ್ಕದ್ದು ಆಗಲೇ. ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ತನ್ನ ಪಾಲನ್ನು ಒಂದು ದಿನ ಬಿಟ್ಟು ಒಂದು ದಿನ ಮಾಡಿ ಅತ್ತೆಗೆ ದಿನವೂ ಕೊಟ್ಟಳು. ತನ್ನ ನೋವು ಮೆಲ್ಲಗೆ ಬಾಗಿಲ ಒಳಗೆ ಬರುತ್ತಿರುವುದು ತಿಳಿಯುತ್ತಿತ್ತು. ಅತ್ತೆ ಸೊರಗುತ್ತಿರುವುದೂ ಕಾಣುತ್ತಿತ್ತು. ಬಿಸಿಲು ಜಾಸ್ತಿ, ಬಾಯಿ ರುಚಿಯಿಲ್ಲ ಅಂತ ಪೆಂಟಮ್ಮ ಅನ್ನುತ್ತಿದ್ದಳು. ಈಶ್ವರಿ ಹೌದು ಅನ್ನುತ್ತಿದ್ದಳು.

ಬೇಸಿಗೆ ಮುಗಿಯುವಾಗ ಕುರಿದೊಡ್ಡಿಯ ಹಿಂದೆ, ಕಲ್ಲಿನ ಸಂದಿಯಲ್ಲಿ ತುರುಕಿದ್ದ ಹಳೇ ಬಟ್ಟೆಗಳು ಈಶ್ವರಿಗೆ ಸಿಕ್ಕವು. ರಕ್ತ ಒಣಗಿ ಕಪ್ಪಾಗಿತ್ತು, ವಾಸನೆ ತಡೆಯುವಂತಿರಲಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷವಾದ ಮುದುಕಿಯ ಬಟ್ಟೆ. ಈಶ್ವರಿ ಅವನ್ನು ಹಿಡಿದುಕೊಂಡೇ ಅತ್ತೆಯ ಹತ್ತಿರ ಹೋದಳು. ಕೇಳಿದಾಗ ಪೆಂಟಮ್ಮ, ಚಳಿಗಾಲದಿಂದ ರಕ್ತ ಹೋಗುತ್ತಿದೆ, ಗುಳಿಗೆಯಿಂದ ನಿಂತೀತು ಅಂತ ಕಾಯುತ್ತಿದ್ದೆ ಅಂದಳು.

ಮಾರನೆಯ ದಿನವೇ ಈಶ್ವರಿ, ಬೇಡ ಅಂದರೂ ಬಿಡದೆ, ಅತ್ತೆಯನ್ನು ಮಕ್ತಲ್‌ನಿಂದ ಬಸ್ಸು ಹಿಡಿದು, ಜೂರಾಲ ಡ್ಯಾಮ್ ದಾಟಿ ಗದ್ವಾಲಕ್ಕೆ ಕರೆದೊಯ್ದಳು. ಪರದೆಯ ಆಚೆ ಪೆಂಟಮ್ಮನನ್ನು ಮಲಗಿಸಿ ನೋಡಿದರು. ಹೊರಗೆ ಬಂದ ಡಾಕ್ಟರ್ ಅನುರಾಧಾ ಕೈ ತೊಳೆಯುತ್ತ ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತರು. ಆಮೇಲೆ ಈಶ್ವರಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಗರ್ಭಕೋಶದ ಬಾಯಿಯಲ್ಲಿ ಹುಣ್ಣಾಗಿ ಸುತ್ತ ಹಬ್ಬಿದೆ, ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತೇನೆ, ಆದರೆ ನೋಡಿದರೇ ಕ್ಯಾನ್ಸರ್ ಅಂತ ತಿಳಿಯುತ್ತದೆ ಅಂದರು. ಹೈದರಾಬಾದಿಗೆ ಹೋಗಬೇಕು. ಇಷ್ಟು ತಡ ಯಾಕೆ ಮಾಡಿದಿರಿ ಅಂತ ಕೇಳಿದರು. ಈಶ್ವರಿ ಗುಳಿಗೆಯ ವಿಷಯ ಹೇಳಿದಳು. ಡಾಕ್ಟರಮ್ಮ ಬೈಯಲಿಲ್ಲ. ಹೈದರಾಬಾದಿಗೆ ಚೀಟಿ ಬರೆಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು ಅಂತ ಈಶ್ವರಿಗೆ ಅನ್ನಿಸಿತು.

ನರೇಂದರ್ ಪುಣೆಯಿಂದ ಬಂದ. ಹೈದರಾಬಾದಿನಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದರು. ಮೈ ಸುಟ್ಟಂತಾಯಿತೇ ಹೊರತು ರೋಗ ಜಗ್ಗಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂತ ಅಲ್ಲಿನ ಡಾಕ್ಟರರು ಅಂದುಬಿಟ್ಟರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದಾಗ, ಗುಳಿಗೆಯ ಸಂಗತಿ ತಾಯಿಯಿಂದಲೇ ತಿಳಿದಿದ್ದ ನರೇಂದರ್ ಅವಳ ಕಡೆ ನೋಡದೆ ಕೇಳಿದ.

"ತಲಿಗೆ ಹಚ್ಚೋ ಗುಳಿಗಿ ತಿನ್ನಿಸ್ಕೋತ ನಮ್ಮವ್ವನ್ನ ಕೂಡಿಸಿದ್ದೇನು?"

ಆಣೆಯ ವಿಷಯ ಹೇಳಬಹುದಿತ್ತು. ಹೇಳಿದರೂ ಅದು ಉತ್ತರವಾಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಎದ್ದು ಅತ್ತೆಗೆ ನೀರು ತರಲು ಹೋದಳು. ಅವನು ಆಮೇಲೆ ಅವಳೊಡನೆ ಬೇಕಾದಷ್ಟೇ ಮಾತಾಡಿದ, ಈಗಲೂ ಹಾಗೆಯೇ.

ಮನೆಗೆ ತಂದ ಮೇಲೆ ಪೆಂಟಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ಒಗೆಯುವುದು ಎಲ್ಲ ಈಶ್ವರಿಯದೇ. ಒಂದೊಂದು ಸಲ ಮುದುಕಿಯನ್ನು ಮಗ್ಗುಲಿಗೆ ಹೊರಳಿಸುವಾಗ ತನ್ನ ಕಿಬ್ಬೊಟ್ಟೆಯಲ್ಲೇ ಚೂರಿ ಆಡಿದಂತಾಗಿ ಅವಳು ಮಂಚದ ಕಾಲು ಹಿಡಿದು ಕೂತುಬಿಡುತ್ತಿದ್ದಳು. ತನ್ನ ಗುಳಿಗೆಯನ್ನು ಅವಳು ಯಾವಾಗಲೋ ನಿಲ್ಲಿಸಿದ್ದಳು. ಉಳಿದ ಪಟ್ಟಿಗಳನ್ನು ಕಣ್ಣಿಗೆ ಬೀಳದಂತೆ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದಳು.

ಒಂದು ಸಂಜೆ ಹಾಗೆ ಕೂತಿದ್ದಾಗ ಪೆಂಟಮ್ಮ ಕಣ್ಣು ತೆರೆದು ನೋಡುತ್ತಿದ್ದಳು.

"ನಿನ್ನ ಪಾಲು ನಾ ತಿಂದೆ. ನಿನಗ ಮತ್ತ ಸುರು ಆಗೈತಿ."

"ಇಲ್ಲತ್ತಿ. ಕಡಿಮಿನ ಐತಿ."

"ಸುಳ್ಳು ಹೇಳಬ್ಯಾಡ. ನಿನ್ನ ನೋವು ಖರೇನ ಐತಿ. ನಾ ಎಲ್ಲಾರಿಗೂ ಸುಳ್ಳು ಅಂತ ಹೇಳಿಬಿಟ್ಟೆ."

ಎಷ್ಟೋ ವರ್ಷ ಆ ಮಾತಿಗಾಗಿ ಈಶ್ವರಿ ಕಾದಿದ್ದಳು. ಈಗ ಅದನ್ನು ಇಟ್ಟುಕೊಳ್ಳಲು ಒಳಗೆ ಜಾಗ ಇರಲಿಲ್ಲ. ಅವಳು ಎದ್ದು ಬೋಗುಣಿಯ ನೀರು ಚೆಲ್ಲಿ ಬಂದಳು. ಶ್ರಾವಣ ಹುಟ್ಟುವ ಮೊದಲೇ ಪೆಂಟಮ್ಮ ಹೋದಳು. ಮಣ್ಣಿಗೆ ಬಂದವರೆಲ್ಲ, ಈ ಬೇನೆ ಬರುವ ತನಕ ಒಂದು ದಿನ ಮಲಗಿದವಳಲ್ಲ, ಒಂದು ಗುಳಿಗೆ ತಿಂದವಳಲ್ಲ ಎಂದು ಹೊಗಳಿದರು. ನರೇಂದರ್ ದಿನಕರ್ಮ ಮುಗಿಸಿ, ಕುರಿ ಮಾರಿ, ಪುಣೆಗೆ ಹೊರಟುಹೋದ.

ಹತ್ತಿಯ ಕೆಲಸ ಮತ್ತೆ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರೇ ಹೆಂಗಸರು ಈಶ್ವರಿಯ ಬಾಗಿಲಿಗೆ ಬರತೊಡಗಿದರು. ಅತ್ತೆ ಸೊಸೆ ನೋವಿಗೆ ಏನೋ ಹಸಿರು ಗುಳಿಗೆ ನುಂಗುತ್ತಿದ್ದರು, ಅದರಿಂದ ಈಶ್ವರಿ ಒಂದಷ್ಟು ದಿನ ನೆಟ್ಟಗೆ ನಡೆದಾಡಿದ್ದಳು ಅನ್ನುವ ಸುದ್ದಿ ಹೇಗೋ ಹೊರಗೆ ಬಿದ್ದಿತ್ತು. ಹತ್ತಿ ಹೊಲಕ್ಕೆ ಜೊತೆಗೆ ಬರುತ್ತಿದ್ದ ಬುಗ್ಗಮ್ಮ ಬಂದಳು. ಅವಳ ತಂಗಿ ಬಂದಳು. ಯಾವತ್ತೂ ಮಾತಾಡಿಸದ ಕೆಳಗೇರಿಯ ಹೆಣ್ಣುಮಗಳು ಸೆರಗು ಬಾಯಿಗೆ ಹಿಡಿದುಕೊಂಡು ಬಂದಳು. ಎಲ್ಲರೂ ಆ ಮಾತು ಈ ಮಾತು ಆಡಿ, ಹೊರಡುವಾಗ ಹೊಟ್ಟೆಯ ಕೆಳಗೆ ಕೈ ಇಟ್ಟು ತೋರಿಸುತ್ತಿದ್ದರು. ಇಷ್ಟು ಜನ ಇದ್ದಾರೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲರಿಗೂ ಅವಳು ಒಂದೇ ಮಾತು ಹೇಳಿದಳು: ಮೊದಲು ದವಾಖಾನೆಯಲ್ಲಿ ತೋರಿಸಿಕೊಳ್ಳಿ. ಅವರು ಹೂಂ ಅಂದು ಹೋದರು. ಗದ್ವಾಲದ ಬಸ್ಸನ್ನು ಒಬ್ಬರೂ ಹತ್ತಲಿಲ್ಲ.

ಕೊನೆಗೆ ಬಂದವಳು ಪಕ್ಕದ ಮನೆಯ ಮಹಾಂತಮ್ಮ, ಪೆಂಟಮ್ಮನ ಓರಗೆಯವಳು. ಹೊಸ್ತಿಲ ಮೇಲೆ ಒಂದು ಕೈ ಊರಿ, ನಿಧಾನವಾಗಿ ಕೂತಳು. ಮುಟ್ಟು ಮತ್ತೆ ಕಾಣಿಸಿಕೊಂಡಿದೆ, ಈ ವಯಸ್ಸಿಗೆ ಏನು ನಾಚಿಕೆಗೇಡು ಅಂತ ನಕ್ಕಳು. ಈಶ್ವರಿ ಅವಳ ಎರಡೂ ಕೈ ಹಿಡಿದುಕೊಂಡು, ನಾಳೆಯೇ ಹೋಗೋಣ, ನಾನೇ ಕರೆದುಕೊಂಡು ಹೋಗುತ್ತೇನೆ, ಲೇಡಿ ಡಾಕ್ಟರೇ ಇದ್ದಾರೆ ಅಂತ ಬೇಡಿಕೊಂಡಳು. ಪೆಂಟಮ್ಮನಿಗೆ ಏನಾಗಿತ್ತು ಅನ್ನುವುದನ್ನೂ ಮುಚ್ಚಿಡದೆ ಹೇಳಿದಳು.

ಮಹಾಂತಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ತೋರಿಸಾಕ ಹೋಗಿದ್ದಕ್ಕ ಆಕಿ ಸತ್ಲು. ನನಗ ಗುಳಿಗಿ ಹೆಸರು ಹೇಳು ಸಾಕು."

ಈಶ್ವರಿ ಹೇಳಲಿಲ್ಲ. ಮಹಾಂತಮ್ಮ, ಇರಲಿ ಬಿಡು, ಮಕ್ತಲ್‌ನ ಮೆಡಿಕಲ್ ಅಂಗಡಿಯಲ್ಲಿ ಹಸಿರು ಗುಳಿಗೆ ಅಂತ ಕೇಳಿದರೆ ಕೊಡುತ್ತಾರೆ ಎಂದು ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಎದ್ದ ಮೇಲೆ ಸೊಂಟ ನೆಟ್ಟಗಾಗುವವರೆಗೆ ಅಲ್ಲೇ ನಿಂತಳು. ಆಮೇಲೆ ಬಿಸಿಲಿಗೆ ಸೆರಗು ಹೊದ್ದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.