ಓಲೆಕಾರನ ಕುದುರೆ

ಬೆಳಿಗ್ಗೆ ಹತ್ತೂವರೆಗೆ ಚಿತ್ರದ ಅಚ್ಚಿನ ಬ್ಲಾಕ್ ಬಂತು. ಚಿತ್ರದಲ್ಲಿ ಕುದುರೆಯ ಮೇಲೆ ಸವಾರನಿದ್ದ. ಇರಬಾರದಿತ್ತು.

ಸಂಪಾದಕರು ಮರದ ತುಂಡಿಗೆ ಕೂರಿಸಿದ್ದ ಆ ಸತುವಿನ ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ನೋಡಿದರು. ನಂಬಿಕೆ ಬರದೆ, ಮಸಿ ಬಳಿಸಿ ರದ್ದಿ ಕಾಗದದ ಮೇಲೆ ಒಂದು ಅಚ್ಚು ತೆಗೆಸಿದರು. ಸವಾರ ಎಲ್ಲೂ ಹೋಗಿರಲಿಲ್ಲ. ಕೋಟೆಯ ಬಾಗಿಲು ಅರ್ಧ ತೆರೆದಿದೆ, ಕುದುರೆ ತಲೆ ತಗ್ಗಿಸಿದೆ, ಅದರ ಮೇಲೆ ಹತ್ತೊಂಬತ್ತರ ಓಲೆಕಾರ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾನೆ. ಸಂಪಾದಕರು ಮೇಷ್ಟ್ರಿಗೆ ಹೇಳಿಕಳಿಸಿದರು. ಚಿತ್ರಗಾರ್ತಿಗೂ.

ಅದು ಮಕ್ಕಳ ಮಾಸಪತ್ರಿಕೆ. ಅಲ್ಲಿ ಚಿತ್ರ ಮೊದಲು, ಕಥೆ ಆಮೇಲೆ. ಬ್ಲಾಕ್ ಮಾಡುವವರು ಬೇರೆ ಊರಿನಲ್ಲಿದ್ದರು; ಚಿತ್ರ ಹೋಗಿ ತಗಡಾಗಿ ಬರಲು ವಾರ ಹಿಡಿಯುತ್ತಿತ್ತು. ಅಕ್ಷರ ಜೋಡಿಸಲು ಒಂದು ದಿನ ಸಾಕು. ಹಾಗಾಗಿ ಯುದ್ಧದ ಧಾರಾವಾಹಿ ಬರೆಯುವ ಮೇಷ್ಟ್ರು ತಿಂಗಳ ಆರಂಭದಲ್ಲಿ ಬಂದು, ಈ ಸಲದ ಚಿತ್ರ ಇಂಥದ್ದು ಎಂದು ಬಾಯಲ್ಲಿ ಹೇಳಿ ಹೋಗುತ್ತಿದ್ದರು. ಚಿತ್ರಗಾರ್ತಿ ಬರೆದು ನೇರವಾಗಿ ಬ್ಲಾಕಿಗೆ ಕಳಿಸುತ್ತಿದ್ದಳು. ಕಂತು ಆಮೇಲೆ ನಿಧಾನವಾಗಿ ಬರುತ್ತಿತ್ತು. ಒಮ್ಮೆ ಅವಳು ಮೈಮರೆತು ಸೇನಾಪತಿಯ ಎಡಗೈಗೆ ಕತ್ತಿ ಕೊಟ್ಟಿದ್ದಳು. ಮೇಷ್ಟ್ರು ಹಲ್ಲು ಕಡಿದುಕೊಂಡು ಸೇನಾಪತಿಯನ್ನು ಎಡಚನನ್ನಾಗಿ ಮಾಡಿದರು. ಪಾಪ, ಆತ ಸಾಯುವವರೆಗೂ ಎಡಗೈಯಲ್ಲೇ ಯುದ್ಧ ಮಾಡಬೇಕಾಯಿತು.

ಈ ತಿಂಗಳದು ಕೊನೆಯ ಕಂತು. ಮೇಷ್ಟ್ರು ಹೇಳಿದ್ದು ಇಷ್ಟು: ಬೆಳಗಿನ ಜಾವ. ಕೋಟೆಯ ಬಾಗಿಲು. ಓಲೆಕಾರನ ಕುದುರೆ ಒಂಟಿಯಾಗಿ ಬರುತ್ತಿದೆ.

ಮೇಷ್ಟ್ರು ಪ್ಯಾಂಟಿನ ಸೈಕಲ್ ಕ್ಲಿಪ್ಪು ಬಿಚ್ಚದೆ ಒಳಗೆ ಬಂದರು. ಇತಿಹಾಸ ಕಲಿಸಿ ನಿವೃತ್ತರಾದವರು. ಯಾವ ಕಾಲದ ಕುದುರೆಯ ಜೀನಿಗೆ ಎಷ್ಟು ಪಟ್ಟಿ, ಯಾವ ಸೈನಿಕ ಕತ್ತಿಯನ್ನು ಯಾವ ಕಡೆ ತೂಗುಹಾಕುತ್ತಿದ್ದ ಎಂಬುದರಲ್ಲಿ ಅವರು ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ಅಚ್ಚು ತೆಗೆದ ಕಾಗದವನ್ನು ಎತ್ತಿಕೊಂಡರು.

"ಏನಮ್ಮ ಇದು?"

"ಕುದುರೆ," ಅಂದಳು ಚಿತ್ರಗಾರ್ತಿ.

"ಅದು ನನಗೂ ಕಾಣ್ತಿದೆ. ಅದರ ಮೇಲೆ?"

ಅವಳು ಮೇಜಿನ ಮೇಲಿದ್ದ ಬ್ಲಾಕಿನ ಕಡೆ ನೋಡಿದಳು.

"ನಾನು ಒಂಟಿಯಾಗಿ ಅಂದಿದ್ದೆ."

"ಹೌದು ಮೇಷ್ಟ್ರೇ. ಅಂದಿದ್ರಿ."

"ಮತ್ತೆ? ಮರೆತುಬಿಟ್ಯಾ?"

"ಇಲ್ಲ."

ಸಂಪಾದಕರು ನಡುವೆ ಬಾಯಿ ಹಾಕಿದರು. "ಆ ಎಡಚ ಸೇನಾಪತಿ ಥರ ಇದನ್ನೂ ಹೇಗಾದ್ರೂ ಹೊಂದಿಸಿಬಿಡಿ ಮೇಷ್ಟ್ರೇ. ನಾಳೆ ಅಚ್ಚಿಗೆ ಹೋಗ್ಬೇಕು. ಹುಡುಗ ಬದುಕಿ ಬಂದ್ರೆ ನಮ್ಮ ಗಂಟೇನು ಹೋಗುತ್ತೆ? ಓದೋ ಮಕ್ಕಳಿಗೂ ಖುಷಿ."

"ಎಡಗೈ ಬಲಗೈ ಬೇರೆ ಮಾತು. ಇದು ಬೇರೆ. ಆ ಮುತ್ತಿಗೆಯಿಂದ ಯಾರೂ ವಾಪಸ್ ಬರಲಿಲ್ಲ. ಕೋಟೆ ಬಾಗಿಲಲ್ಲಿರೋ ಶಾಸನದಲ್ಲಿ ಕುದುರೆ ಬಂತು ಅಂತ ಮಾತ್ರ ಇದೆ. ಅದೊಂದು ಮಾತಿಗೋಸ್ಕರ ನಾನು ಈ ಕಥೆ ಶುರು ಮಾಡಿದ್ದು."

"ಹಾಗಾದ್ರೆ ಸವಾರನನ್ನ ಕೆತ್ತಿ ತೆಗೆಸೋಣ," ಅಂದರು ಸಂಪಾದಕರು. ಮೇಜಿನ ಖಾನೆಯಿಂದ ಮೊನಚಾದ ಚಿಕ್ಕ ಉಳಿ ತೆಗೆದು ಬ್ಲಾಕಿನ ಪಕ್ಕದಲ್ಲಿಟ್ಟು ಚಿತ್ರಗಾರ್ತಿಯ ಕಡೆ ತಿರುಗಿದರು. "ಅಲ್ಲಿ ಬೆಳ್ಳಗೆ ಒಂದು ಕಲೆ ಬೀಳುತ್ತೆ. ಮಂಜು ಅನ್ಕೋತಾರೆ. ನೀವೇ ತೆಗೀರಿ, ಇನ್ಯಾರೋ ಕೈ ಹಾಕಿದ್ರೆ ಕುದುರೆ ಬೆನ್ನೂ ಹೋದೀತು."

ಅವಳು ಉಳಿಯನ್ನು ಕೈಗೆ ತೆಗೆದುಕೊಂಡಳು. ಬ್ಲಾಕಿನಲ್ಲಿ ಎಲ್ಲವೂ ತಿರುಗುಮುರುಗು. ಕೋಟೆ ಆ ಕಡೆಗಿತ್ತು, ಕುದುರೆ ಈ ಕಡೆಯಿಂದ ಬರುತ್ತಿತ್ತು. ಸವಾರನ ಬಲಗಿವಿ ಎಡಗಡೆ ಇತ್ತು. ಸ್ವಲ್ಪ ಹೊರಕ್ಕೆ ಚಾಚಿದ, ಬೆಳಕು ಹಿಡಿದರೆ ಕೆಂಪಾಗುವಂಥ ಕಿವಿ.

ಆ ಕಿವಿಯನ್ನು ಮೊದಲು ಗುರುತು ಹಿಡಿದವಳು ಅವಳ ಅಮ್ಮ. ಧಾರಾವಾಹಿಯ ಮೊದಲ ಕಂತು ಬಂದ ದಿನ ಭೂತಗನ್ನಡಿ ಹಿಡಿದು ಪುಟದ ಮೇಲೆ ಬಾಗಿದ ಅಮ್ಮ, "ಪುಟ್ಟೀ, ಇವನ ಕಿವಿ ನೋಡೇ. ನಮ್ಮೋನ ಕಿವಿ ಕದ್ಕೊಂಡು ಬಂದಿದಾನೆ," ಅಂದಿದ್ದಳು. ಚಿತ್ರಗಾರ್ತಿಗೆ ಅಲ್ಲಿಯವರೆಗೆ ಅದು ಗೊತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಬರೆದಿತ್ತು.

ಅವಳ ಅಣ್ಣ ಗಡಿಯ ಯುದ್ಧಕ್ಕೆ ಹೋದಾಗ ಅವಳಿಗೆ ಹನ್ನೆರಡು. ಯುದ್ಧ ಮುಗಿದ ಮೇಲೆ ಅವನು ಬರಲಿಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಪತ್ತೆಯಾಗಿಲ್ಲ ಎಂದರು. ಈಗ ಅವಳ ತಲೆಯಲ್ಲಿ ಬಿಳಿ ಕೂದಲಿದೆ. ಅಣ್ಣ ಮಾತ್ರ ಹತ್ತೊಂಬತ್ತರಲ್ಲೇ ಇದ್ದಾನೆ. ಪತ್ತೆಯಾಗಿಲ್ಲ ಎಂಬುದನ್ನು ಅಮ್ಮ ತಡವಾಗಿದೆ ಎಂಬಂತೆ ತೆಗೆದುಕೊಂಡಿದ್ದಳು. ಗೇಟು ಸದ್ದಾದರೆ ಈಗಲೂ ಮೊದಲು ತಲೆ ಎತ್ತುವುದು ಅವಳೇ.

ಮೊದಲ ಕಂತಿನ ನಂತರ ಅಮ್ಮನಿಗೆ ಪ್ರತಿ ತಿಂಗಳೂ ಪತ್ರಿಕೆ ಬೇಕು. ಓಲೆಕಾರ ನದಿ ದಾಟಿದನೇ? ಶತ್ರುಗಳ ಕೈಗೆ ಸಿಕ್ಕಿಲ್ಲ ತಾನೇ? ಮಗಳು ಒಮ್ಮೆ, "ಅಮ್ಮ, ಇದು ಕಥೆ," ಅಂದಾಗ ಅಮ್ಮ ರೇಗಿದ್ದಳು. "ನನಗೇನು ಬುದ್ಧಿ ಕೆಟ್ಟಿದೆಯಾ? ಕಥೆ ಅಂತ ಗೊತ್ತು. ಕಥೇಲಾದ್ರೂ ಬರ್ಲಿ ಅಂತ ಕೇಳಿದೆ."

ಉಳಿಯ ಮೊನೆ ಸತುವಿನ ಮೇಲೆ ನಿಂತಿತ್ತು. ಅವಳು ಒತ್ತಲಿಲ್ಲ.

"ನೋಡಮ್ಮ," ಅಂದರು ಮೇಷ್ಟ್ರು. ದನಿ ಇಳಿದಿತ್ತು. "ನಿನ್ನ ಮೇಲೆ ಸಿಟ್ಟಿಲ್ಲ ನನಗೆ. ನಾನು ಪಾಠ ಹೇಳೋವಾಗ ಹುಡುಗರು ಬೆಂಚಿನ ಕೆಳಗೆ ಯುದ್ಧದ ಕಥೆ ಇಟ್ಕೊಂಡು ಓದ್ತಿದ್ರು. ನಾನು ನೋಡಿಯೂ ಸುಮ್ಮನಿರ್ತಿದ್ದೆ. ಇತಿಹಾಸ ತಾನೇ, ಓದ್ಕೊಳ್ಳಲಿ ಅಂತ. ಆ ಪುಸ್ತಕಗಳಲ್ಲಿ ಎಲ್ಲರೂ ವಾಪಸ್ ಬರ್ತಿದ್ರು. ಗುಂಡು ತಗಲಿದೋರೂ ಬರ್ತಿದ್ರು. ಅದನ್ನ ಓದಿದ ಎಷ್ಟೋ ಹುಡುಗರು ಸಾಲಲ್ಲಿ ನಿಂತು ಸೈನ್ಯ ಸೇರಿದ್ರು. ನಾನು ಬರೆಯೋದ್ರಲ್ಲಿ ಆ ಸುಳ್ಳು ಇರಬಾರದು ಅಂತ ಹಟ."

"ಗೊತ್ತು ಮೇಷ್ಟ್ರೇ. ನಮ್ಮಣ್ಣನೂ ಅವನ್ನೇ ಓದಿದ್ದ."

ಆಚೆ ಕೋಣೆಯಲ್ಲಿ ಅಚ್ಚಿನ ಯಂತ್ರ ನಡೆಯುತ್ತಿತ್ತು. ಸಂಪಾದಕರು ಕಿಟಕಿಯ ಕಡೆ ತಿರುಗಿದರು.

"ನನಗೂ ಓದಿ ಹೇಳ್ತಿದ್ದ," ಅಂದಳು ಅವಳು. "ಮಂಚದ ಕೆಳಗೆ ಮಲಗ್ಕೊಂಡು. ಕುದುರೆಗಳ ಮಾತೂ ಅವನೇ ಆಡ್ತಿದ್ದ. ಕೊನೇ ಪುಟ ಮೊದಲೇ ನೋಡ್ಬಿಡು, ಎಲ್ಲಾರೂ ಬರ್ತಾರೆ, ಭಯ ಇರಲ್ಲ ಅಂತಿದ್ದ."

ಮೇಷ್ಟ್ರು ಕನ್ನಡಕ ಏರಿಸಿ ಕಾಗದವನ್ನು ಕಣ್ಣ ಹತ್ತಿರ ತಂದರು. ಓಲೆಕಾರನನ್ನು, ಅವನ ಬೆನ್ನನ್ನು, ಕಿವಿಯನ್ನು ಬಹಳ ಹೊತ್ತು ನೋಡಿದರು. ಹಿಂದಿನ ಸಂಚಿಕೆಯೊಂದನ್ನು ಕಪಾಟಿನಿಂದ ತೆಗೆದು ಅದರಲ್ಲಿನ ಓಲೆಕಾರನನ್ನೂ ನೋಡಿದರು.

"ಉಳಿ ಕೆಳಗಿಡು," ಅಂದರು.

ಸಂಪಾದಕರಿಗೆ ಜೀವ ಬಂತು. "ಬದುಕಿಸ್ತೀರಾ ಹಾಗಾದ್ರೆ?"

"ಇಲ್ಲ. ಕಾಗದ ಕೊಡಿ."

ಅಕ್ಷರ ಜೋಡಿಸುವವರ ಮೇಜಿನ ತುದಿಯಲ್ಲಿ ಕೂತು ಅವರು ಕೊನೆಯ ಪುಟವನ್ನು ಹೊಸದಾಗಿ ಬರೆದರು. ಮಧ್ಯದಲ್ಲಿ ಒಮ್ಮೆ ತಲೆ ಎತ್ತಿ, "ಬಾಗಿಲಿಂದ ಕುದುರೆ ಎಷ್ಟು ದೂರದಲ್ಲಿದೆ?" ಎಂದು ಕೇಳಿದರು.

"ಒಂದು ಕೂಗಿನಷ್ಟು," ಅಂದಳು ಅವಳು.

ಪತ್ರಿಕೆ ಮೂರನೆಯ ದಿನ ಬಂತು. ಮಸಿ ಇನ್ನೂ ಕೈಗೆ ಹತ್ತುತ್ತಿತ್ತು. ಸಂಜೆ ಅಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಪುಟ ತೆರೆಸಿಕೊಂಡು, ಭೂತಗನ್ನಡಿಯನ್ನು ಮೇಲೆ ಕೆಳಗೆ ಸರಿಸಿದಳು. ಅದು ಕುದುರೆಯ ಕಾಲಿನ ಮೇಲೆ ಹೋಯಿತು, ಬಾಗಿಲಿನ ಮೇಲೆ ಹೋಯಿತು, ಮತ್ತೆ ಸವಾರನ ಮೇಲೆ ಬಂದು ನಿಂತಿತು.

"ಬಂದ್ನಲ್ಲೇ," ಅಂದಳು.

ಮಗಳಿಗೆ ಪತ್ರಿಕೆಯನ್ನು ಅಲ್ಲಿಗೇ ಮಡಚಿಡಬೇಕು ಅನ್ನಿಸಿತು.

"ಓದು ಮತ್ತೆ. ನಿನ್ನ ಮುಖ ನೋಡೋಕಾ ನಾನು ಕೂತಿರೋದು?"

ಅವಳು ಓದಿದಳು. ಮುತ್ತಿಗೆಯ ಕೊನೆಯ ದಿನ, ಹಳ್ಳ ದಾಟುವಾಗಿನ ಕಾಳಗ, ಹೊಗೆ. ಆಮೇಲೆ ಹೊಸದಾಗಿ ಬರೆದ ಪುಟ. 'ಬುರುಜಿನ ಮೇಲಿದ್ದ ಕಾವಲುಗಾರ ಓಲೆಕಾರನನ್ನು ಎಳವೆಯಿಂದ ಬಲ್ಲವನು. ಅವನ ದಾರಿ ನೋಡುತ್ತ ನಿದ್ದೆ ಬಿಟ್ಟಿದ್ದವನು. ನಸುಕಿನಲ್ಲಿ, ಒಂದು ಕೂಗಿನಷ್ಟು ದೂರದಲ್ಲಿ, ಅವನಿಗೆ ಕುದುರೆಯೂ ಕಂಡಿತು, ಸವಾರನೂ ಕಂಡ. ಬಾಗಿಲು ತೆಗೆಯಿರಿ, ಬಂದ ಎಂದು ಅವನು ಕೂಗಿದ. ಬಾಗಿಲು ತೆಗೆದರು.'

ಅವಳು ಓದುವುದನ್ನು ನಿಲ್ಲಿಸಿದಳು.

"ಯಾಕೆ? ಅಕ್ಷರ ಖಾಲಿ ಆಯ್ತಾ?"

'ಕುದುರೆ ಹತ್ತಿರ ಬಂತು. ಜೀನಿನ ಮೇಲೆ ಯಾರೂ ಇರಲಿಲ್ಲ. ತಾನು ಕಂಡದ್ದು ಸುಳ್ಳೆಂದು ಕಾವಲುಗಾರ ಯಾರ ಮುಂದೆಯೂ ಹೇಳಲಿಲ್ಲ.'

ಕಥೆ ಅಲ್ಲಿಗೆ ಮುಗಿದಿತ್ತು. ಕೆಳಗೆ ಒಂದು ಚಿಕ್ಕ ಗೆರೆ, ಅದರ ಕೆಳಗೆ ಪದಬಂಧ.

ಅಮ್ಮ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ರಸ್ತೆಯಲ್ಲಿ ಯಾರೋ ಗೇಟಿನ ಸದ್ದು ಮಾಡಿದರು, ಪಕ್ಕದ ಮನೆಯದು. ಅಮ್ಮ ತಲೆ ಎತ್ತಿದಳು, ಇಳಿಸಿದಳು.

"ಆ ಕಾವಲುಗಾರ ಒಳ್ಳೆಯೋನು," ಅಂದಳು. ಭೂತಗನ್ನಡಿಯನ್ನು ಕುದುರೆಯ ಮೇಲೆ ಸರಿಸಿ ಕೇಳಿದಳು. "ಅಷ್ಟು ದೂರದಿಂದ ಬಂದಿದೆ. ಕುದುರೆಗೆ ನೀರು ಕೊಟ್ರಂತಾ?"

ಮಗಳು ಪುಟವನ್ನು ಮತ್ತೊಮ್ಮೆ ನೋಡಿದಳು. "ಬರೆದಿಲ್ಲಮ್ಮ."

"ಕೇಳು ನಿಮ್ಮ ಮೇಷ್ಟ್ರನ್ನ."

ಮರುದಿನ ಅವಳು ಕೇಳಿದಳು. ಮೇಷ್ಟ್ರು ಸೈಕಲ್ ಹತ್ತಲು ಹೊರಟಿದ್ದವರು ಒಂದು ಕಾಲು ನೆಲದ ಮೇಲೆ ಊರಿ ನಿಂತರು.

"ಓಡಿ ಬಂದ ಕುದುರೆಗೆ ತಕ್ಷಣ ನೀರು ಕೊಡಬಾರದು," ಅಂದರು. "ನಿಮ್ಮಮ್ಮನಿಗೆ ಹೇಳು." ಸೈಕಲ್ ಹತ್ತಲಿಲ್ಲ. "ನಾನು ಅದನ್ನ ಬರೀಬೇಕಿತ್ತು," ಅಂದರು.

ಮುಂದಿನ ವರ್ಷ ಧಾರಾವಾಹಿ ಪುಸ್ತಕವಾಗಿ ಬಂತು. ಕೊನೆಯ ಚಿತ್ರವನ್ನು ಬದಲಿಸಲಿಲ್ಲ, ಅದೇ ಬ್ಲಾಕನ್ನು ಬಳಸಿದರು. ಕಥೆಯ ಕೊನೆಗೆ ಒಂದು ವಾಕ್ಯ ಸೇರಿತ್ತು: 'ಕಾವಲುಗಾರ ಕೆಳಗಿಳಿದು ಬಂದು ಕುದುರೆಯ ಜೀನು ಬಿಚ್ಚಿದ, ಬೆವರು ಆರುವವರೆಗೆ ಅದನ್ನು ಅಂಗಳದಲ್ಲಿ ಮೆಲ್ಲಗೆ ನಡೆಸಿದ, ಆಮೇಲೆ ನೀರು ಕೊಟ್ಟ.'