ಸಕ್ಕರೆಯಲ್ಲಿ ಎಳೆದ ಗೆರೆ

ಸಕ್ಕರೆ ಹುಲ್ಲಿನ ಮೇಲೆ ಬಿದ್ದರೆ ಸದ್ದಾಗುವುದಿಲ್ಲ ಎಂದುಕೊಂಡಿದ್ದೆ, ಆಗುತ್ತದೆ, ಮೊರದಲ್ಲಿ ಅಕ್ಕಿ ಕೇರಿ ಮುಗಿಯುವಾಗ ಬರುವಂಥ ಸಣ್ಣ ಸರಸರ, ಇಷ್ಟು ದೂರಕ್ಕೆ ಅದು ನಿಜವಾಗಿ ಕೇಳಿಸುತ್ತಿದೆಯೋ ಅಥವಾ ಮೂವತ್ತು ವರ್ಷದ ಹಿಂದಿನದು ಕಿವಿಯಲ್ಲೇ ಉಳಿದುಕೊಂಡಿದೆಯೋ, ಹೇಳಲಾರೆ — ಬೊಗ್ದಾನನ ಮಗಳು ಓಲೆನಾ ಬಗ್ಗಿ ಪ್ಯಾಕೆಟ್ಟಿನಿಂದ ಸುರಿಯುತ್ತಿದ್ದಾಳೆ, ಪೆನಾಲ್ಟಿ ಒದೆಯುವ ಜಾಗಕ್ಕೆ ನೀರ್‌ದೋಸೆಯಷ್ಟು ಅಗಲದ ಬಿಳಿ ಗುರುತು, ಇನ್ನೂ ಹಾಕು, ನೀರು ಚಿಮುಕಿಸು, ಇಲ್ಲದಿದ್ದರೆ ಗಾಳಿಗೆ ಹಾರುತ್ತದೆ, ಎಂದು ಅವಳಪ್ಪ ಗದರಿಸುತ್ತಿದ್ದಾನೆ, ಅಪ್ಪಾ ಸುಮ್ಮನಿರು, ನಾನೇನು ಕೇಕು ಮಾಡುತ್ತಿದ್ದೇನೆಯೇ. ನಮ್ಮ ಮನೆಯಿರುವ ಎವರ್‌ಗ್ರೀನ್‌ನ ಗುಡ್ಡ ಜೂನ್ ತಿಂಗಳಿಗೆ ಆಗಲೇ ಒಣಗಿ ಗೋಧಿಯ ಬಣ್ಣಕ್ಕೆ ತಿರುಗಿದೆ, ಪಾರ್ಕಿನ ಹುಲ್ಲು ಮಾತ್ರ ಹಸಿರು, ಗೋಲಿನ ಬಲಗಡೆ ಲ್ಯಾವೆಂಡರ್ ಗಿಡಗಳ ಸಾಲು, ಅದರಾಚೆ ಮಡಚುವ ಕುರ್ಚಿಯಲ್ಲಿ ಮಾಧುರಿ, ಬೆಳಿಗ್ಗೆಯಿಂದ ಅವಳದು ಒಂದೇ ರಾಗ, ರೀ, ಐವತ್ತು ದಾಟಿದ ಮೇಲೆ ಹಾರಿ ಬೀಳ್ಲಿಕ್ಕೆ ಉಂಟಾ ಮಾರಾಯ್ರೆ, ಸೊಂಟ ಹಿಡಿದ್ರೆ ಎತ್ಲಿಕ್ಕೆ ನಾನು ಬರುದಿಲ್ಲ, ಅಲ್ಲೇ ಪಾರ್ಕಲ್ಲೇ ಮಲಗಿ — ಇಡೀ ದಿನ ಆಸ್ಪತ್ರೆಯಲ್ಲಿ ಪೇಷಂಟುಗಳನ್ನು ಎತ್ತಿ ಮಲಗಿಸುವ ನರ್ಸು ಹೀಗೆ ಹೇಳಬಾರದು, ಆದರೆ ಹೇಳಿದಾಗ ನನಗೆ ಧೈರ್ಯ ಬರುತ್ತದೆ, ಸುಮ್ಮನಿದ್ದರೆ ಹೆದರಿಕೆ. ಗೋಲಿನ ಹಿಂದೆ ಮಗಳು ಆಶ್ರಿತಾ ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿದ್ದಾಳೆ, ಪಪ್ಪಾ, ಸ್ಮೈಲ್, ಹಲೀನಾ ಆಂಟಿ ಈಸ್ ವಾಚಿಂಗ್, ಫೋನಿನೊಳಗೆ, ನಾನು ಹಿಂದೆ ಓದಲು ಹೋಗಿದ್ದ ವೆರ್ಬೋಪಿಲ್‌ನಲ್ಲಿ ಈಗ ಸಂಜೆ, ಹಲೀನಾಳ ಬಿಳಿ ತಲೆ, ಅವಳ ಹಿಂದೆ ಮೈದಾನ, ಮೈದಾನದ ನಡುವೆ ಮಣ್ಣು ತುಂಬಿ ಮುಚ್ಚಿದ ಗುಂಡಿಯ ಕಂದು ಕಲೆ. ಬೊಗ್ದಾನನದು ಒಂದೇ ಒಂದು ಒದೆತ. ತಡೆದರೆ ಗೋಡೆಯ ಮೇಲೆ ನನ್ನ ಹೆಸರು, ಬಿಟ್ಟರೆ ಜೇನುನೊಣದ್ದು. ತಡೆಯುತ್ತೇನೆ. ಲ್ಯಾಬಿನಲ್ಲಿ ರಕ್ತದ ಟ್ಯೂಬಿಗೆ ಅಂಟಿಸಿದ ಹೆಸರನ್ನು ಮತ್ತೆ ಮತ್ತೆ ಓದುವವನು ನಾನು, ಮನೆ ಬಿಟ್ಟು ಫ್ರೀವೇ ಹತ್ತಿದ ಮೇಲೆ ಒಲೆ ಆರಿಸಿದೆನೋ ಎಂದು ವಾಪಸು ತಿರುಗುವವನು, ಆದರೆ ಈ ಎರಡು ಕಂಬಗಳ ನಡುವೆ ನಿಂತರೆ ಸಂಶಯಗಳೆಲ್ಲ ಚಪ್ಪಲಿಯ ಹಾಗೆ ಹೊರಗೆ ಉಳಿಯುತ್ತವೆ, ಯಾಕೋ ಗೊತ್ತಿಲ್ಲ, ಮಲ್ಪೆಯ ಹಸಿ ಮರಳಿನ ಮೇಲೆ ಹುಡುಗನಾಗಿದ್ದಾಗಿನಿಂದಲೂ ಹಾಗೇ.

ಹಲೀನಾ ಆಗ ನಮ್ಮ ಕಾಲೇಜಿನ ಪಕ್ಕದ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನವಳು, ಈಗ ಆ ಊರಿನ ಫುಟ್‌ಬಾಲ್ ಕ್ಲಬ್ಬು ಬುರ್ಯಾಕ್‌ನ ಅಧ್ಯಕ್ಷೆ, ಬುರ್ಯಾಕ್‌ನ ಚರಿತ್ರೆ ನನಗೆ ಸೂಪಿನ ಜೊತೆಗೇ ಸಿಕ್ಕಿದ್ದು — ಉಡುಪಿಯಿಂದ ಡಾಕ್ಟರಾಗಲು ಹೋದವನು, ಭಾಷೆ ಬಾರದೆ ಕ್ಯಾಂಟೀನಿನ ಮೂಲೆಯಲ್ಲಿ ತಟ್ಟೆ ಹಿಡಿದು ಕುಳಿತವನು, ಇವಳು ಎದುರಿನ ಬೆಂಚಿನಲ್ಲಿ ಕುಳಿತು ಒಂದೊಂದು ಶಬ್ದವನ್ನೂ ಕೈಯಲ್ಲಿ ಆಡಿ ತೋರಿಸುತ್ತಿದ್ದಳು, ಬುರ್ಯಾಕ್ ಎಂದರೆ ಇದು, ಎಂದು ನನ್ನ ತಟ್ಟೆಯಿಂದ ಬೀಟ್‌ರೂಟಿನ ತುಂಡು ಎತ್ತಿ ಹಿಡಿದಳು, ನಮ್ಮ ತಂಡಕ್ಕೆ ಆ ಹೆಸರಿಟ್ಟವರು ನಾವಲ್ಲ, ನೆರೆಯ ಊರಿನವರು ಬೈದದ್ದು, ನಾವು ಅದನ್ನೇ ಅಂಗಿಯ ಮೇಲೆ ಹೊಲಿಸಿಕೊಂಡೆವು. ಮೊದಲ ಚೆಂಡು ಕುದುರೆ ಜೀನಿನ ಚರ್ಮದ್ದು, ಒಳಗೆ ಬಟ್ಟೆ ತುರುಕಿದ್ದು, ಮಳೆ ಬಂದರೆ ಎತ್ತಲು ಇಬ್ಬರು ಬೇಕು. ಯುದ್ಧದಲ್ಲಿ ಮೈದಾನ ಜರ್ಮನ್ನರ ಕುದುರೆ ಲಾಯವಾಯಿತು, ಯುದ್ಧ ಮುಗಿದ ಮೇಲೆ ವಾಪಸು ಬಂದವರನ್ನು ನಿಲ್ಲಿಸಿದರೆ ಅರ್ಧ ತಂಡವೂ ಇಲ್ಲ, ಅಂಚೆಯವನನ್ನೂ ಕ್ಷೌರಿಕನನ್ನೂ ಸೇರಿಸಿ ಆಡಿದರು, ಲಾಯದ ಗೊಬ್ಬರಕ್ಕೆ ಆ ವರ್ಷ ಹುಲ್ಲು ಮೊಣಕಾಲಿಗೆ ಬರುತ್ತಿತ್ತು, ಚೆಂಡು ಕಳೆದುಹೋಗುತ್ತಿತ್ತು. ಅರವತ್ತೊಂದರಲ್ಲಿ ಜಿಲ್ಲೆಯ ಕಪ್ಪು ಗೆದ್ದಾಗ ಆ ಕಪ್ಪು ರೈಲಿನಲ್ಲಿ ಎಲ್ಲೋ ದಾರಿ ತಪ್ಪಿತು, ಅಧಿಕಾರಿಗಳು ಕ್ಯಾಂಟೀನಿನಲ್ಲಿ ಚಹಾದ ನೀರು ಕಾಯಿಸುವ ಸಮೋವಾರ್ ಎತ್ತಿ ಕ್ಯಾಪ್ಟನ್ನನ ಕೈಗೆ ಕೊಟ್ಟರು, ಒಳಗೆ ನೀರು ಇನ್ನೂ ಬಿಸಿ, ಅವನ ಅಂಗೈ ಸುಟ್ಟಿತು, ಕೆಳಗಿಳಿಸಲಿಲ್ಲ, ಫೋಟೋ ತೆಗೆಯುವ ತನಕ ಹಿಡಿದೇ ನಿಂತ — ಆ ಫೋಟೋದಲ್ಲಿ ಅವನು ಅಳುತ್ತಿದ್ದಾನೆ, ಎಲ್ಲರೂ ಸಂತೋಷಕ್ಕೆ ಎನ್ನುತ್ತಾರೆ. ಹಲೀನಾ ಇದನ್ನು ಹೇಳಿ ನಕ್ಕರೆ ಮೇಜು ಅಲುಗುತ್ತಿತ್ತು. ಇದು ದೊಡ್ಡ ಕ್ಲಬ್ಬಿನ ಚರಿತ್ರೆಯಲ್ಲ, ಯಾರೂ ಕೇಳಿದ್ದಲ್ಲ, ನನಗೆ ಮಾತ್ರ ಯಾವುದೋ ಮನೆತನದ ಕಥೆ ಕೇಳಿದ ಹಾಗೆ ಬಾಯಿಪಾಠವಾಗಿಬಿಟ್ಟಿತು, ಇವತ್ತೂ ಕಾರು ಓಡಿಸುವಾಗ ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ, ಲಾಯ, ಅಂಚೆಯವನು, ಸಮೋವಾರ್, ಆಮೇಲೆ ಸಕ್ಕರೆ, ಆಮೇಲೆ ಜೇನು, ಜೇನಿನ ಹತ್ತಿರ ಬಂದಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ, ಯಾಕೆಂದರೆ ಅಲ್ಲಿ ನಾನಿದ್ದೆ.

ತೊಂಬತ್ತನಾಲ್ಕು, ಕಾರ್ಖಾನೆ ಅರ್ಧ ಸತ್ತಿತ್ತು, ಸಂಬಳದ ಬದಲಿಗೆ ಸಕ್ಕರೆ ಮೂಟೆ ಕೊಡುತ್ತಿದ್ದರು, ಮಂಚದ ಕೆಳಗೆ ಸಕ್ಕರೆ, ಬಚ್ಚಲಿನಲ್ಲಿ ಸಕ್ಕರೆ, ಗೆರೆ ಎಳೆಯುವ ಸುಣ್ಣ ಮಾತ್ರ ಇಲ್ಲ, ಆಗ ಯಾರೋ ಅಂದರು, ಸಕ್ಕರೆಯಲ್ಲೇ ಎಳೆಯಿರಿ, ಮನೆಯಲ್ಲಿ ಅದರ ಮುಖ ನೋಡಿ ಸಾಕಾಗಿದೆ. ಗೋಲ್‌ಕೀಪರ್ ಸ್ತೆಪಾನ್ ಇಸ್ತ್ರಿಪೆಟ್ಟಿಗೆ ಮಾರಲು ಪೋಲೆಂಡಿಗೆ ಹೋದವನು ವಾಪಸು ಬಂದಿರಲಿಲ್ಲ, ಹಲೀನಾ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳಿದಳು, ಇವನು ಉದ್ದ ಇದ್ದಾನೆ, ನಾನು ಎಸೆದ ಬ್ರೆಡ್ಡನ್ನು ಒಂದು ಸಲವೂ ಕೆಳಗೆ ಬೀಳಿಸಿಲ್ಲ. ಸ್ತೆಪಾನನ ಅಂಗಿ, ಬೀಟ್‌ರೂಟ್ ಬಣ್ಣದ್ದು, ಬೆವರಿನ ವಾಸನೆಯದ್ದು. ಬೆಳಿಗ್ಗೆ ತುಂತುರು ಬಿದ್ದು ಗೆರೆಗಳೆಲ್ಲ ಪಾಕವಾಗಿದ್ದವು, ಬೂಟು ಅಂಟುತ್ತಿತ್ತು, ಗೋಲಿನ ಹಿಂದೆ ಲೀಪಾ ಮರಗಳು ಹೂ ಬಿಟ್ಟಿದ್ದವು, ಮರಗಳ ಕೆಳಗೆ ಕಾವಲುಗಾರ ಮುದುಕನ ಜೇನುಪೆಟ್ಟಿಗೆಗಳು, ಬಿಸಿಲು ಬಂದದ್ದೇ ತಡ ಒಂದೊಂದೇ ಬಂದು ಗೆರೆಯ ಮೇಲೆ ಕುಳಿತವು, ಕೊನೆಗೆ ಗೆರೆ ಬಿಳಿಯಾಗಿ ಉಳಿಯಲೇ ಇಲ್ಲ, ಕಂದಾಗಿ ಅಲುಗಾಡುತ್ತಿತ್ತು. ನಾವು ಒಂದು ಗೋಲು ಮುಂದಿದ್ದೆವು, ಆಟ ಮುಗಿಯುತ್ತ ಬಂದಿತ್ತು, ಆಗ ಪೆನಾಲ್ಟಿ. ಎದುರು ಬಂದು ನಿಂತವನು ನೆರೆಯ ಊರಿನ ಟ್ರಾಕ್ಟರ್ ಕಾರ್ಖಾನೆ ತಂಡದ ಬೊಗ್ದಾನ್, ಆ ಸೀಮೆಯಲ್ಲೇ ಎಡಗಾಲಿಗೆ ಹೆಸರಾದವನು, ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಸ್ವಲ್ಪ ಕಾಯಿರಿ ಎಂದು ಕೈ ಮಾಡಿದ, ಗುರುತಿನ ಮೇಲೆ ಜೇನು ಮುತ್ತಿತ್ತು, ಬೊಗ್ದಾನ್ ಕಾಯಲಿಲ್ಲ, ನೊಣಕ್ಕೆಲ್ಲ ಕಾಯುವ ಜಾತಿಯವನಲ್ಲ ನಾನು, ಎಂದು ಚೆಂಡನ್ನು ಅವುಗಳ ಮೇಲೇ ಇಟ್ಟು ಓಡಿ ಬಂದ, ಎಡಕ್ಕೆ, ನನ್ನ ಎಡಕ್ಕೆ, ನಾನು ಹಾರಿದೆ, ಗಾಳಿಯಲ್ಲಿ ಚೆಂಡೂ ಜೇನೂ ಒಟ್ಟಿಗೇ ಎದ್ದವು, ಕಿರುಬೆರಳಿನಲ್ಲಿ ಬೆಂಕಿ ತಾಗಿದಂತಾಯಿತು, ಕಂಬಕ್ಕೆ ಚೆಂಡು ಬಡಿದ ಸದ್ದು, ಆಮೇಲೆ ನೆಲ. ಮುಖ ಎತ್ತಿದರೆ ಇಡೀ ಊರು ಕೂಗುತ್ತಿತ್ತು, ನನ್ನ ಹೆಸರಲ್ಲ, ಬ್ಜೋಲಿ, ಬ್ಜೋಲಿ, ಜೇನು ಜೇನು ಎಂದು, ಹೆಗಲ ಮೇಲೆ ಹೊತ್ತು ಕುಣಿದದ್ದು ಜೇನು ಸಾಕಿದ ಮುದುಕನನ್ನು, ಅವನಿಗೋ ಏನಾಯಿತೆಂದೇ ಗೊತ್ತಿಲ್ಲ, ಮರದ ಕೆಳಗೆ ನಿದ್ದೆ ಹೊಡೆಯುತ್ತಿದ್ದ. ಬೆರಳು ಬದನೆಕಾಯಿಯ ಹಾಗೆ ಊದಿತು. ಚೆಂಡು ತಾಗಿ ಊದಿದ್ದೇ, ಜೇನು ಕಚ್ಚಿ ಊದಿದ್ದೇ, ಕಚ್ಚಿದ್ದರೆ ಮುಳ್ಳು ಸಿಗಬೇಕಿತ್ತು, ಡಾಕ್ಟರಾಗಲು ಹೋದವನು ನೋಡಬೇಡವೇ, ನೋಡಲಿಲ್ಲ, ಸಂಭ್ರಮದಲ್ಲಿ ಹಲೀನಾ ಎಲೆಕೋಸಿನ ಎಲೆ ಸುತ್ತಿ ದಾರ ಕಟ್ಟಿದಳು, ಅವಳ ಊರಿನಲ್ಲಿ ಉಳುಕಿದರೂ ಎಲೆಕೋಸು, ಕಚ್ಚಿದರೂ ಎಲೆಕೋಸು.

ಮರುವರ್ಷ ಕಾಲೇಜಿನ ವಿದೇಶಿಯರ ವಿಭಾಗವೇ ಮುಚ್ಚಿತು, ಉಡುಪಿಗೆ ಬಂದೆ, ಸಂಜೆ ಕಾಲೇಜು, ಮದುವೆ, ಮಾಧುರಿಯ ಕೆಲಸದ ಹಿಂದೆ ಇಲ್ಲಿಗೆ, ಇಲ್ಲೂ ಸಂಜೆ ಕ್ಲಾಸಿಗೆ ಹೋಗಿ ರಕ್ತ ತೆಗೆಯಲು ಕಲಿತೆ, ಅರ್ಧ ಡಾಕ್ಟರ್ ಎಂದು ಅವಳ ಅಣ್ಣ ಈಗಲೂ ಕರೆಯುತ್ತಾನೆ, ತಮಾಷೆಗೇ, ಇರಲಿ. ಪಾಲೋ ಆಲ್ಟೋದ ಲ್ಯಾಬಿಗೆ ಕಳೆದ ಚಳಿಗಾಲದಲ್ಲಿ ಒಬ್ಬ ದಪ್ಪ ಮನುಷ್ಯ ಬಂದು ತೋಳು ಚಾಚಿ ಕಣ್ಣು ಮುಚ್ಚಿಕೊಂಡ, ಸೂಜಿಗೆ ಹೆದರಿ ಗೊಣಗಿದ ಭಾಷೆ ಕೇಳಿ ನನ್ನ ಬಾಯಿಂದ ತಾನಾಗಿ ಹೊರಟಿತು, ಮುಷ್ಟಿ ಹಿಡಿ, ಉಸಿರು ಬಿಡು, ಆಯಿತು. ಕಣ್ಣು ತೆರೆದ. ಎಲ್ಲಿ ಕಲಿತೆ. ವೆರ್ಬೋಪಿಲ್. ಥೂ, ಬೀಟ್‌ರೂಟುಗಳ ಊರು, ಎಂದ, ಆಮೇಲೆ ನನ್ನ ಉದ್ದವನ್ನು ಕೆಳಗಿನಿಂದ ಮೇಲೆ ನೋಡಿದ, ಹತ್ತಿ ಒತ್ತಿಹಿಡಿದ ಕೈ ಜಾರಿತು, ಏಯ್, ನೀನು ಆ ಇಂಡಿಯನ್, ಜೇನು ಕಾಪಾಡಿದ ಇಂಡಿಯನ್! ಜೇನಲ್ಲ, ನಾನು ತಡೆದದ್ದು. ಹೋಗಯ್ಯಾ, ಜೇನು ಕಣ್ಣಿಗೆ ಬಂತು, ಇಲ್ಲದಿದ್ದರೆ ನಿನ್ನನ್ನೂ ಸೇರಿಸಿ ಬಲೆಗೆ ಹಾಕುತ್ತಿದ್ದೆ. ಅವತ್ತಿನಿಂದ ವಾರವಾರವೂ ಬೊಗ್ದಾನನ ಜೊತೆ ಇದೇ ಜಗಳ, ಅವನ ಮಗಳ ಮನೆ ನಮ್ಮ ಹಿಂದಿನ ಬೀದಿ, ಅಲ್ಲಿ ಈಗಿನ ಯುದ್ಧ ಶುರುವಾದ ಮೇಲೆ ಅವಳು ಕರೆಸಿಕೊಂಡದ್ದು, ಮಾಧುರಿ ಮಾಡಿದ ಬೀಟ್‌ರೂಟ್ ಪಲ್ಯ ತಿನ್ನುತ್ತಾ ಶತ್ರುಗಳ ಊಟ ಚೆನ್ನಾಗಿದೆ ಎನ್ನುತ್ತಾನೆ, ಅವಳು ಅದಕ್ಕೆ, ನಿಮ್ಮಿಬ್ರಿಗೆ ಬೇರೆ ಮಾತೇ ಇಲ್ವಾ ಮಾರಾಯ್ರೆ, ಆ ನೊಣ ಸತ್ತು ಎಷ್ಟು ಕಾಲ ಆಯ್ತು. ಆಗ ಹಲೀನಾ ಫೋನು ಮಾಡಿದಳು, ಶೆಲ್ ಬಿದ್ದು ಹೋದ ಡ್ರೆಸ್ಸಿಂಗ್ ರೂಮು ಮತ್ತೆ ಕಟ್ಟಿದ್ದಾರೆ, ಗೋಡೆಯ ಮೇಲೆ ಕ್ಲಬ್ಬಿನ ಚರಿತ್ರೆ ಬರೆಸುತ್ತಾರೆ, ಪೇಂಟರು ಸೋಮವಾರ ಬರುತ್ತಾನೆ, ಲಾಯಕ್ಕೊಂದು ಸಾಲು, ಸಮೋವಾರಿಗೊಂದು ಸಾಲು, ಸಕ್ಕರೆ ಮ್ಯಾಚಿಗೂ ಒಂದೇ ಸಾಲು, ಜೇನು ತಡೆಯಿತೋ ಯತೀಶ ತಡೆದನೋ, ನೀವಿಬ್ಬರೇ ತೀರ್ಮಾನ ಮಾಡಿ ಹೇಳಿ, ನನ್ನ ಗೋಡೆ ಚಿಕ್ಕದು. ಬೊಗ್ದಾನ್ ಕುರ್ಚಿಯಿಂದ ಎದ್ದೇಬಿಟ್ಟ, ಮತ್ತೆ ಒದೆಯುತ್ತೇನೆ, ಒಂದೇ ಸಲ, ತಡೆದರೆ ಇಡೀ ಊರಿನ ಎದುರಿಗೆ ನೀನೇ ಎನ್ನುತ್ತೇನೆ. ಇಷ್ಟಕ್ಕೆ ಯಾಕೆ ಇಷ್ಟು ಆಸೆ ನನಗೆ, ನಾನು ಬರೆದ ಹೆಸರುಗಳೆಲ್ಲ ಬೇರೆಯವರವು, ಟ್ಯೂಬಿನ ಮೇಲೆ ಅಂಟಿಸುವವು, ಒಂದು ಗೋಡೆಯ ಮೇಲೆ, ಬಾಂಬು ಬಿದ್ದೂ ಮತ್ತೆ ಎದ್ದ ಗೋಡೆಯ ಮೇಲೆ, ಉಡುಪಿಯ ಯತೀಶ — ತಪ್ಪಲ್ಲ ಅದು, ಅತಿಯಾಸೆಯೂ ಅಲ್ಲ.

ಗಾಳಿ ನಿಂತಿದೆ. ಬೊಗ್ದಾನ್ ಚೆಂಡನ್ನು ಕಂಕುಳಲ್ಲಿ ಹಿಡಿದು ಹೊಟ್ಟೆ ಎಳೆದುಕೊಂಡು ಬರುತ್ತಾನೆ, ಬಲ ಮೊಣಕಾಲಿಗೆ ಪಟ್ಟಿ, ಎಡಗಾಲು ಇನ್ನೂ ಹಾಗೇ ಇದೆ, ನಡಿಗೆಯಲ್ಲೇ ಗೊತ್ತಾಗುತ್ತದೆ, ನನ್ನ ಎಡಕ್ಕೇ ಒದೆಯುತ್ತಾನೆ, ಹಠಮಾರಿಗಳು ಜಾಗ ಬದಲಿಸುವುದಿಲ್ಲ, ಮೊಣಕಾಲು ಸ್ವಲ್ಪ ಬಗ್ಗಿಸು, ಹಿಮ್ಮಡಿ ಎತ್ತು, ಅಂಗೈ ತೆರೆ, ಸರಿಯಾಗಿದೆ, ಇಷ್ಟು ಸರಿಯಾಗಿ ನಾನು ಎಲ್ಲೂ ನಿಂತಿಲ್ಲ. ಫೋನಿನಿಂದ ಹಲೀನಾ, ಬೇಗ ಮಕ್ಕಳೇ, ಸೈರನ್ ಕೂಗಿದರೆ ನಾನು ನೆಲಮಾಳಿಗೆಗೆ ಓಡಬೇಕು, ಪಪ್ಪಾ, ಯು ಗಾಟ್ ದಿಸ್, ಮಾಧುರಿ ಏನೂ ಹೇಳುತ್ತಿಲ್ಲ, ಹೇಳೇ, ಏನಾದರೂ ಬೈಯಿ — ರೀ, ಎಡಕ್ಕೆ ಹಾರುದಾದ್ರೆ ಗಿಡಕ್ಕೆ ತಾಗುದಿಲ್ಲ, ಎಡಕ್ಕೇ ಹಾರಿ, ಅಯ್ಯೋ ಇವಳು, ಅವನಿಗೆ ಕನ್ನಡ ಬಾರದಿದ್ದರೆ ಸಾಕು. ಬೊಗ್ದಾನ್ ಬಗ್ಗುತ್ತಾನೆ. ಚೆಂಡು ಇಡಲಿಲ್ಲ. ಬಗ್ಗಿದವನು ಹಾಗೇ ನಿಂತಿದ್ದಾನೆ, ಸೊಂಟ ಹಿಡಿಯಿತೇ, ಅಲ್ಲ, ನೋಡುತ್ತಿದ್ದಾನೆ, ಲ್ಯಾವೆಂಡರಿನ ಕಡೆಯಿಂದ ಬಂದದ್ದು, ಒಂದೇ ಒಂದು, ಒದ್ದೆ ಸಕ್ಕರೆಯ ಮೇಲೆ ಇಳಿದಿದೆ, ಕಂದು, ಪುಟ್ಟದು, ಕಾಲೂರಿ ತಲೆ ತಗ್ಗಿಸಿದೆ. ಓಲೆನಾ ಪ್ಯಾಕೆಟ್ಟನ್ನು ಬೀಸಿ ಓಡಿಸಲು ಹೋದಳು, ಮುಟ್ಟಬೇಡ, ಎಂದ ಬೊಗ್ದಾನ್, ಇಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿಲ್ಲ, ಚೆಂಡನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ, ಕಾಯುತ್ತೇನೆ, ಅದು ಹೋಗಲಿ, ಆಮೇಲೆ ನೊಣದಿಂದ ಹೀಗಾಯಿತು ಎಂದು ನೀನೂ ಅನ್ನುವ ಹಾಗಿಲ್ಲ, ನಾನೂ ಅನ್ನುವ ಹಾಗಿಲ್ಲ, ಅದು ತಿಂದು ಹೋಗಲಿ. ಏನಾಯಿತು, ಏನಾಯಿತು, ಎನ್ನುತ್ತಾಳೆ ಹಲೀನಾ, ಆಶ್ರಿತಾ ಸ್ಟ್ಯಾಂಡನ್ನೇ ಎತ್ತಿ ತಂದು ಗುರುತಿನ ಹತ್ತಿರ ಬಗ್ಗಿಸಿ ಹಿಡಿಯುತ್ತಾಳೆ, ಫೋನಿನಿಂದ ಆ ನಗು, ಮೇಜು ಅಲುಗಿಸುವ ನಗು, ಹಿಂದೆ ಯಾರ್ಯಾರೋ ಓಡಿ ಬರುವ ಕಾಲಿನ ಸದ್ದು, ತೋರಿಸು, ನನಗೂ ತೋರಿಸು, ಬ್ಜೋಲಾ, ಜೇನು ಬಂದಿದೆಯಂತೆ, ಆ ಪರದೆಯ ತುಂಬ ಮುಖಗಳು, ನಾನು ಕಾಣದ ಮುಖಗಳು, ಎಲ್ಲ ಬಾಯಿ ತೆರೆದು ನಗುತ್ತಿವೆ, ಸೈರನ್ ಕೂಗಬಾರದು, ಈಗಷ್ಟೇ ಕೂಗಬಾರದು, ಅವಸರವಿಲ್ಲ ಎಂದು ಯಾರೋ ಹೇಳುತ್ತಾರೆ, ನಾನಿರಬೇಕು, ಕಿರುಬೆರಳು ಜುಂ ಎನ್ನುತ್ತದೆ, ಅಂಗೈ ತೆರೆದೇ ಇದೆ, ಮೊಣಕಾಲು ಬಗ್ಗಿಯೇ ಇದೆ, ತಡೆಯುತ್ತೇನೆ, ಅದು ಎದ್ದ ಮೇಲೆ ಖಂಡಿತ ತಡೆಯುತ್ತೇನೆ, ಎದ್ದಿಲ್ಲ, ಬಿಳಿ ಸಕ್ಕರೆ, ಒಂದು ಜೇನು, ರೆಕ್ಕೆ ಮಡಚಿದೆ, ಇನ್ನೂ ತಿನ್ನುತ್ತಿದೆ, ಬಿಳಿ ಸಕ್ಕರೆ, ಒಂದು ಜೇನು —